ಏಳನೆಯ ಚೀಟಿ

ನಿಯಮ ಮಾಡಿದವರು ನಿಯಮ ಮುರಿಯುವುದಿಲ್ಲ ಎಂಬ ನಂಬಿಕೆ ನಮ್ಮ ಜನರಲ್ಲಿದೆ. ಎಲ್ಲಿಂದ ಬಂತೋ ಗೊತ್ತಿಲ್ಲ. ಬೇಲಿ ಹಾಕಿದವನಿಗೇ ಎಲ್ಲಿ ನುಸುಳಬಹುದೆಂಬುದು ಚೆನ್ನಾಗಿ ಗೊತ್ತಿರುತ್ತದೆ ಎನ್ನುವುದು ನನ್ನ ಅನುಭವ. ರೈಲ್ವೆಯಲ್ಲಿ ಸ್ಟೇಷನ್ ಮಾಸ್ತರನಾಗಿದ್ದಷ್ಟು ವರ್ಷ ನನಗೆ ನುಸುಳುವ ಅಗತ್ಯ ಬೀಳಲಿಲ್ಲ. ನಿವೃತ್ತನಾಗಿ ಅರಸೀಕೆರೆಯಲ್ಲಿ ನೆಲೆಯೂರಿದ ಮೇಲೂ ಐದಕ್ಕೆ ಏಳುವುದು, ಐದೂ ಇಪ್ಪತ್ತಕ್ಕೆ ಸ್ನಾನ, ಆರಕ್ಕೆ ಕಾಫಿ ಎಂಬ ಕ್ರಮ ತಪ್ಪಲಿಲ್ಲ. ಕಾಫಿ ಆರೂ ನಾಲ್ಕಕ್ಕೆ ಬಂದರೆ ನಾನು ಬಾಯಿ ಬಿಡುವುದಿಲ್ಲ, ಗಡಿಯಾರ ನೋಡುತ್ತೇನೆ ಅಷ್ಟೆ. ನನ್ನ ಹೆಂಡತಿ ಕಮಲ, "ನಾಲ್ಕು ನಿಮಿಷ ಲೇಟು, ಬರ್ಕೊಳ್ಳಿ" ಎಂದು ಲೋಟ ಕುಕ್ಕುತ್ತಾಳೆ. ಇಂಥ ನಾನು ಅರವತ್ತೈದನೆಯ ವಯಸ್ಸಿನಲ್ಲಿ, ನನ್ನದೇ ಮನೆಯ ಜಗಲಿಯಲ್ಲಿ, ಆರು ಜನ ಮಕ್ಕಳ ಮುಂದೆ ಕಳ್ಳನಾಗಿ ಕೂತಿದ್ದೆ. ಎರಡು ಸಾವಿರದ ಇಸವಿ ದಾಟಿ ಒಂದೆರಡು ಬೇಸಿಗೆ ಕಳೆದಿದ್ದ ಕಾಲ ಅದು.

ಆಗ ಟೀವಿಯಲ್ಲಿ ವಿಚಿತ್ರ ಪ್ರಾಣಿಗಳು ಎದುರುಬದುರು ನಿಂತು ಕಾದಾಡುವ ಕಾರ್ಟೂನು ಬರುತ್ತಿತ್ತು. ಅದನ್ನು ನೋಡಿ ನೋಡಿ ನಮ್ಮ ಬೀದಿಯ ಮಕ್ಕಳು ತಮ್ಮದೇ ಒಂದು ಆಟ ಕಟ್ಟಿಕೊಂಡಿದ್ದರು. ಮುಂದಾಳು ಎರಡು ಬೀದಿ ಆಚೆ ಇರುವ ನನ್ನ ಮಗಳ ಮಗಳು, ಹನ್ನೆರಡು ವರ್ಷದ ಸಿಂಧು. ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ ಕಾರ್ಡು ಮಾಡುತ್ತಿದ್ದರು. ಒಂದೊಂದು ಕಾರ್ಡಿನಲ್ಲಿ ಒಂದೊಂದು ಪ್ರಾಣಿ. ಅದಕ್ಕಿಷ್ಟು ಬಲ, ಇಷ್ಟು ವೇಗ, ಒಂದು ವಿದ್ಯೆ. ಇಬ್ಬರು ಎದುರು ಕೂತು ಒಂದೊಂದೇ ಪ್ರಾಣಿಯನ್ನು ಅಖಾಡಕ್ಕೆ ಇಳಿಸಬೇಕು. ಮುಂದುಗಡೆ ಬೆಂಕಿಯುಗುಳುವ ಹಲ್ಲಿ, ತಿರುಗಿಸಿದರೆ "ತಮ್ಮ ಆಗಮನಾಭಿಲಾಷಿಗಳು" ಎಂದು ಅರ್ಧ ಸಾಲು. ಹೀಗೆ ಊರಿನ ಎಷ್ಟೋ ಮದುವೆಗಳ ಬೆನ್ನ ಮೇಲೆ ಯುದ್ಧ ನಡೆಯುತ್ತಿತ್ತು. ಕಾರ್ಡಿನ ಎರಡು ಕಡೆಗೂ ಅಷ್ಟೇನೂ ವ್ಯತ್ಯಾಸವಿಲ್ಲ ಎಂದು ಕಮಲ ಹೇಳಿದ್ದುಂಟು.

ಪ್ರತಿ ಬೇಸಿಗೆಗೆ ಒಂದೇ ಒಂದು ಹೊಸ ಪ್ರಾಣಿಯನ್ನು ಸೇರಿಸಬಹುದು. ಹಿಂದಿನ ವರ್ಷ ಚೆಂದದ ಚಿತ್ರಕ್ಕೆ ಮರುಳಾಗಿ ಮೂರು ತಲೆಯ ಹದ್ದೊಂದನ್ನು ಆರಿಸಿದ್ದರು. ಅದು ಯಾರ ಕೈಗೆ ಬಂದರೂ ಅವರೇ ಗೆಲ್ಲುತ್ತಿದ್ದರು. ಎಂಟು ದಿನದಲ್ಲಿ ಆಟಕ್ಕೆ ರುಚಿ ಹೋಗಿ ಎಲ್ಲರೂ ಕುಂಟೆಬಿಲ್ಲೆಗೆ ಮರಳಿದರು. ಈ ಸಲ ಭಾನುವಾರ ಬೇಲೂರಿನ ಮಕ್ಕಳ ಜೊತೆ ಪಂದ್ಯ ಬೇರೆ ಇತ್ತು. ಹಾಗಾಗಿ ಸಿಂಧು ಬಂದು, "ತಾತ, ಈ ಸಲ ನೀವೇ ಜಡ್ಜು. ನೀವು ಯಾರ ಕಡೆಗೂ ವಾಲಲ್ಲ ಅಂತ ಎಲ್ರೂ ಒಪ್ಪಿದಾರೆ" ಎಂದಳು. ಪಿಂಚಣಿ ಬಂದ ದಿನವೂ ನಾನು ಅಷ್ಟು ನೆಟ್ಟಗೆ ಕೂತಿರಲಿಲ್ಲ.

ಕೂಡಲೇ ನಿಯಮ ಬರೆದೆ. ಒಬ್ಬರಿಗೆ ಒಂದೇ ಚೀಟಿ. ಎರಡು ಹಾಕಿದವರು ಆಟದಿಂದಲೇ ಹೊರಗೆ. ಚೀಟಿಯ ಮೇಲೆ ಬರೆದವರ ಹೆಸರು ಕೂಡದು, ಪ್ರಾಣಿಗೂ ಹೆಸರು ಬೇಡ, ಚಿತ್ರವಂತೂ ಬೇಡವೇ ಬೇಡ. ಅದು ಅಖಾಡದಲ್ಲಿ ಏನು ಮಾಡುತ್ತದೆ ಎಂಬುದನ್ನು ಮಾತ್ರ ಮೂರು ಸಾಲಿನಲ್ಲಿ ಬರೆದು ಬಿಸ್ಕತ್ತಿನ ಡಬ್ಬಕ್ಕೆ ಹಾಕಬೇಕು. ಶನಿವಾರ ಬೆಳಿಗ್ಗೆ ಹತ್ತಕ್ಕೆ ಡಬ್ಬ ತೆರೆಯುವುದು.

ತೊಂದರೆ ಶುರುವಾದದ್ದು ನಾನು ಯೋಚನೆ ಮಾಡಿದ್ದರಿಂದ. ಯೋಗ್ಯ ಪ್ರಾಣಿ ಎಂದರೆ ಯಾವುದು? ಅದಕ್ಕೊಂದೇ ಕೆಲಸವಿರಬೇಕು. ಆ ಕೆಲಸ ಬೇರೆ ಯಾವ ಕಾರ್ಡೂ ಮಾಡದಂಥದ್ದಾಗಿರಬೇಕು. ಜೊತೆಗೆ ಅದನ್ನು ಸೋಲಿಸಲು ಒಂದು ದಾರಿಯೂ ಇರಬೇಕು. ಮೂರು ದಿನ ಹೀಗೆ ಅಳೆಯುವ ಕೋಲು ಕೆತ್ತುತ್ತ ಕೂತವನಿಗೆ, ನಾಲ್ಕನೆಯ ದಿನ ಗಡ್ಡ ಹೆರೆಯುವಾಗ ಆ ಕೋಲಿಗೆ ಸರಿಯಾಗಿ ಒಪ್ಪುವ ಪ್ರಾಣಿಯೇ ಹೊಳೆದುಬಿಟ್ಟಿತು. ಗಲ್ಲ ಕೊಯ್ದುಕೊಂಡೆ.

ನಾನು ಕೆಲಸ ಮಾಡಿದ್ದು ಒಂಟಿ ಹಳಿಯ ದಾರಿಯಲ್ಲಿ. ಎರಡು ನಿಲ್ದಾಣಗಳ ನಡುವೆ ಒಂದು ಸಲಕ್ಕೆ ಒಂದೇ ಗಾಡಿ ಇರಬೇಕು. ಅದಕ್ಕಾಗಿ ಟೋಕನ್ ಎಂಬ ಲೋಹದ ಗುಂಡೊಂದನ್ನು ದೊಡ್ಡ ಬಳೆಯಂಥ ಬೆತ್ತದ ಉಂಗುರಕ್ಕೆ ಸಿಕ್ಕಿಸಿ ಡ್ರೈವರನ ಕೈಗೆ ಕೊಡುತ್ತಿದ್ದೆವು. ಅದು ಕೈಗೆ ಬರದೆ ಎಂಥ ಎಕ್ಸ್‌ಪ್ರೆಸ್ಸೂ ಹೊರಡುವಂತಿರಲಿಲ್ಲ. ನನ್ನ ಪ್ರಾಣಿಯೂ ಅಂಥದ್ದೇ. ಅದರ ಬಳಿ ಒಂದು ಬಳೆ. ಬಳೆ ಕೈಯಲ್ಲಿದ್ದವರು ಮಾತ್ರ ಹೊಡೆಯಬೇಕು, ಹೊಡೆದ ಕೂಡಲೇ ಅದನ್ನು ಎದುರಾಳಿಗೆ ದಾಟಿಸಬೇಕು. ಒಂದೇ ಉಸಿರಿಗೆ ಎರಡೆರಡು ಏಟು ಹೊಡೆಯುತ್ತಿದ್ದ ಆ ಮೂರು ತಲೆಯ ಹದ್ದೂ ಸರದಿ ಕಾಯಬೇಕು! ಬಲದಲ್ಲಿ ಮಾತ್ರ ನನ್ನ ಪ್ರಾಣಿ ಬಡಕಲು. ನಿಧಾನಕ್ಕೆ ಬಂದು ಬಲವಾಗಿ ಗುದ್ದುವ ಆಮೆಯ ಮುಂದೆ ಅದರ ಆಟ ನಡೆಯದು.

ಇದನ್ನು ಯಾರಿಗೂ ಹೇಳದೆ ಇರಬಹುದಿತ್ತು. ಒಂದು ಗಂಟೆ ಇದ್ದೆ. ಆಮೇಲೆ ರೈಲಿನ ಸುಳಿವು ಬಿಡದೆ, ಅಕ್ಷರ ಗುರುತು ಸಿಗದಂತೆ ಎಡಗೈಯಲ್ಲಿ ಮೂರು ಸಾಲು ಬರೆದು, ಡಬ್ಬಕ್ಕೆ ಹಾಕಿದೆ. ಗೆದ್ದರೆ ಏನು ಮಾಡುವುದು ಎಂದು ಯೋಚಿಸಲಿಲ್ಲ. ಗಾಡಿ ಹೊರಡಿಸಿ ಆಮೇಲೆ ಹಳಿ ಇದೆಯೋ ಇಲ್ಲವೋ ನೋಡಿದ ಹಾಗಾಯಿತು.

ಶನಿವಾರ ಹತ್ತಕ್ಕೆ ಸರಿಯಾಗಿ ಡಬ್ಬ ಸುರಿದೆ. ಪಕ್ಕದಲ್ಲಿ ಕಮಲ ಹುರುಳಿಕಾಯಿ ನಾರು ತೆಗೆಯುತ್ತ ಕೂತಿದ್ದಳು. ತೆಂಗಿನ ಮಂಡಿಯವರ ಮಗಳು ರಜನಿ, ಮುಂದೆ ವಕೀಲಳಾಗುವುದರಲ್ಲಿ ಅನುಮಾನವಿಲ್ಲದ ಹುಡುಗಿ, ಚೀಟಿ ಎಣಿಸಿದಳು.

"ತಾತ, ಏಳಿದೆ."

ಜೀವನವಿಡೀ ವ್ಯಾಗನ್ ಎಣಿಸಿದವನು ನಾನು. ಆರು ಮಕ್ಕಳಿಗೆ ಆರು ಚೀಟಿ, ನನ್ನದು ಸೇರಿದರೆ ಏಳು ಎಂಬ ಲೆಕ್ಕ ನನ್ನ ತಲೆಗೆ ಹೊಳೆದದ್ದು ಆ ಕ್ಷಣದಲ್ಲಿ.

"ಯಾರೋ ಎರಡು ಹಾಕಿದಾರೆ," ಎಂದಳು ರಜನಿ. "ಮೊದಲು ಕಳ್ಳರನ್ನ ಹಿಡೀರಿ ತಾತ. ನಿಯಮ ಇದೆಯಲ್ಲ."

"ಮೊದಲು ಆಯ್ಕೆ, ಆಮೇಲೆ ವಿಚಾರಣೆ," ಎಂದೆ.

ಒಂದೊಂದಾಗಿ ಓದಿದೆ. ಒಂದು ಚೀಟಿಯಲ್ಲಿ ಆನೆಯ ಸೊಂಡಿಲು, ಸಿಂಹದ ಕಾಲು, ನವಿಲಿನ ಬಾಲ, ಮೊಸಳೆಯ ಬಾಯಿ ಎಲ್ಲ ಇದ್ದು, ಒಂದೊಂದು ಅಂಗಕ್ಕೂ ಒಂದೊಂದು ವಿದ್ಯೆ ಇದ್ದ ಮಕರ. ಹೆಸರಿಲ್ಲದಿದ್ದರೂ ಅದು ರಜೆಗೆಂದು ಅತ್ತೆಯ ಮನೆಗೆ ಬಂದಿದ್ದ ಹಳೇಬೀಡಿನ ಚೇತನಾಳದೆಂದು ಎಲ್ಲರಿಗೂ ತಿಳಿಯಿತು.

"ಇಷ್ಟೆಲ್ಲ ಇದ್ರೆ ಸೋಲೋದು ಹೆಂಗೆ?" ಎಂದಳು ಸಿಂಧು.

"ನಮ್ಮೂರ ಗುಡಿ ಗೋಡೆ ಮ್ಯಾಲೆ ಹಂಗೇ ಐತೆ ಕಣೇ," ಎಂದಳು ಚೇತನಾ.

"ಗೋಡೆ ಮೇಲಿರೋದು ಯಾರ ಜೊತೆಗೂ ಹೊಡೆದಾಡಲ್ಲ. ಸುಮ್ನೆ ನಿಂತಿರತ್ತೆ."

ಎಲ್ಲರೂ ನಕ್ಕರು. ಚೇತನಾಳ ಮುಖ ಚಿಕ್ಕದಾಯಿತು. ಉಳಿದವುಗಳಲ್ಲಿ ಮೂರು, ಟೀವಿಯಲ್ಲಿದ್ದದ್ದಕ್ಕೇ ಬಣ್ಣ ಬಳಿದವು. ಇನ್ನೊಂದು ಹೊಡೆಯುವುದೂ ಇಲ್ಲ, ಸಾಯುವುದೂ ಇಲ್ಲ. ಅದನ್ನಿಟ್ಟುಕೊಂಡರೆ ಆಟ ಮುಂದಿನ ಯುಗಾದಿಗೂ ಮುಗಿಯದು. ಕೊನೆಗೆ ಉಳಿದದ್ದು ಎರಡೇ. ಒಂದು ತೆಂಗಿನಕಾಯಿಯಂಥ ಪ್ರಾಣಿ: ಮೊದಲ ಎರಡು ಏಟು ಸಿಪ್ಪೆಗೆ, ಏನೂ ಆಗದು, ಮೂರನೆಯದು ಕಣ್ಣಿಗೆ ಬಿದ್ದರೆ ಒಡೆಯುತ್ತದೆ. ಇನ್ನೊಂದು ಬಳೆಯದು.

ಇಲ್ಲಿಂದ ನನಗೆ ಸಂಕಟ. ಗೆಲ್ಲಲಿ ಎಂದು ಹಾಕಿದ ಪ್ರಾಣಿ ಸೋಲಲಿ ಎಂದು ಈಗ ಮನಸ್ಸಿನಲ್ಲೇ ಹರಕೆ ಹೊತ್ತೆ. ಗೆದ್ದರೆ ಯಾರದೆಂದು ಕೇಳುತ್ತಾರೆ. ಕೇಳಿದರೆ ನನ್ನ ಇಡೀ ಮರ್ಯಾದೆ ಜಗಲಿಯ ಮೇಲೆ ಹರಡಿಬೀಳುತ್ತದೆ.

"ಬಳೆಯದು ಅಷ್ಟು ಸರಿ ಕಾಣಲ್ಲ," ಎಂದೆ. "ಬಲವೇ ಇಲ್ಲ. ತೆಂಗಿನಕಾಯಿ ಗಟ್ಟಿ ಐಡಿಯಾ."

"ಅಯ್ಯೋ ತಾತ, ನಿಮಗೆ ಅರ್ಥ ಆಗ್ಲಿಲ್ಲ," ಎಂದು ಸಿಂಧು ಮುಂದೆ ಜರುಗಿ ಕೂತಳು. "ಸಿಪ್ಪೆ ದಪ್ಪ ಇರೋವು ನಮ್ಮತ್ರ ಆಗಲೇ ಎರಡಿವೆ, ಆಮೆ, ಬಸವನಹುಳ. ಬಳೆಯದು ಬಂದ್ರೆ ಎಲ್ಲ ಕಾರ್ಡನ್ನೂ ಬೇರೆ ಥರ ಆಡಬೇಕಾಗತ್ತೆ. ಯಾರೂ ಮುಟ್ಟದ ನಿಧಾನದ ಕಾರ್ಡುಗಳಿಗೂ ಬೆಲೆ ಬರತ್ತೆ. ಇದನ್ನ ಬರೆದೋರು ಸಖತ್ ಬುದ್ಧಿವಂತರು!"

ನನ್ನ ಬದುಕಿನಲ್ಲಿ ಅಂಥ ಹೊಗಳಿಕೆ ಬಂದದ್ದು ಒಂದೇ ಸಲ, ಅದನ್ನೂ ನಾನು ಗಂಟಲಲ್ಲೇ ನುಂಗಬೇಕಾಯಿತು. "ಅಂಥದ್ದೇನಿಲ್ಲ" ಎಂದು ಬಾಯಿತಪ್ಪಿ ಅಂದೆ. ಪುಣ್ಯಕ್ಕೆ ಯಾರೂ ಗಮನಿಸಲಿಲ್ಲ. ಕೈಯೆತ್ತಿಸಿದೆವು. ಐದು ಕೈ ಬಳೆಗೆ. ರಜನಿಯ ಒಂದೇ ಕೈ ತೆಂಗಿನಕಾಯಿಗೆ.

"ಸರಿ, ಇದು ಯಾರದು?" ಎಂದಳು ರಜನಿ.

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಅಂದ್ರೆ ಇದೇ ಎರಡನೇ ಚೀಟಿ. ಹಾಕಿದೋರು ಹೆದರಿ ಕೂತಿದಾರೆ." ಅವಳು ಒಬ್ಬೊಬ್ಬರನ್ನೇ ಕೇಳಿದಳು. ಒಬ್ಬೊಬ್ಬರೂ ತಮ್ಮ ತಮ್ಮ ಚೀಟಿ ತೋರಿಸಿದರು. ತೆಂಗಿನಕಾಯಿ ಸಿಂಧುವಿನದಂತೆ. ಹುಡುಗಿ ತನ್ನದನ್ನೇ ಬಿಟ್ಟು ಬೇರೆಯದಕ್ಕೆ ಕೈಯೆತ್ತಿದ್ದಳು! ನನಗೆ ತಲೆ ಎತ್ತಲಾಗಲಿಲ್ಲ. ಅಷ್ಟರಲ್ಲಿ ರಜನಿ ಚೇತನಾಳ ಕಡೆ ತಿರುಗಿದ್ದಳು. "ನೀನೇ ತಾನೇ? ಅಕ್ಷರ ನೋಡು, ಸೊಟ್ಟ ಸೊಟ್ಟ. ಮಕರ ಸೋತ್ರೆ ಇರ್ಲಿ ಅಂತ ಇದನ್ನೂ ಹಾಕಿದೀಯ."

"ದೇವರಾಣೆ ನಾನಲ್ಲ ಕಣೇ."

"ಸುಳ್ಳು ಬೇರೆ! ಆಟದಿಂದ ಔಟ್ ನೀನು. ತಾತ, ಹೇಳಿ, ನಿಯಮ."

ಚೇತನಾ ತನ್ನ ಮಕರದ ಚೀಟಿಯನ್ನು ಮುದುರಿದಳು. ಪರಸ್ಥಳದ ಮಗು, ಕಣ್ಣಂಚಿನಲ್ಲಿ ನೀರು. ಆರೂ ಮುಖ ನನ್ನ ಕಡೆ ತಿರುಗಿದವು. ಆ ಕ್ಷಣದಲ್ಲಿ ನಾನು ಬಾಯಿ ತೆರೆದಿದ್ದೆ, ನಿಜ ಹೇಳುವುದಕ್ಕೇ ತೆರೆದಿದ್ದೆ ಎಂದು ಇವತ್ತಿಗೂ ಸಾಧಿಸುತ್ತೇನೆ. ಕಮಲ ಮಾತ್ರ, ಅದು ಆಕಳಿಕೆಯ ಹಾಗಿತ್ತು ಅನ್ನುತ್ತಾಳೆ.

"ಏ, ಆ ಮಗೂನ ಯಾಕೆ ಅಳಿಸ್ತೀರೇ?" ಹುರುಳಿಕಾಯಿಯಿಂದ ಕಣ್ಣು ಎತ್ತದೆ ಕಮಲ ಅಂದಳು. "ಅದು ನಂದು ಕಣ್ರೇ. ಬಳೆ ಅಂತ ಬರ್ದಿರೋದು ಇನ್ಯಾರು, ನಿಮ್ ತಾತಾನಾ?"

ಆಮೇಲೆ ಜಗಲಿ ಹಾರಿಹೋಗುವಷ್ಟು ಗಲಾಟೆ. "ಅಜ್ಜಿ! ಅಜ್ಜಿದು!" ಸಿಂಧು ಹೋಗಿ ಅವಳ ಕೊರಳಿಗೆ ಜೋತುಬಿದ್ದಳು. ರಜನಿ ಕೂಡ, ಅಜ್ಜಿ ಹಾಕಬಾರದೆಂದು ನಿಯಮದಲ್ಲಿಲ್ಲ, ಎಂದು ತೀರ್ಪು ಕೊಟ್ಟು ಚೇತನಾಳ ಕಣ್ಣೊರೆಸಿದಳು. ಮಕ್ಕಳು ಹೋದ ಮೇಲೆ, ನಿನಗೆ ಹೇಗೆ ಗೊತ್ತಾಯಿತು ಎಂದು ಕೇಳಿದೆ. "ನಾಲಿಗೆ ಕಚ್ಕೊಂಡು ಎಡಗೈಲಿ ಬರೀತಾ ಕೂತಿದ್ರಲ್ಲ, ನಾನು ಎರಡು ಸಲ ಮುಂದೇನೇ ಹಾದುಹೋದೆ. ಕಾಫಿನೂ ಇಟ್ಟೆ. ನೋಡ್ಲಿಲ್ಲ ನೀವು," ಎಂದಳು.

ಭಾನುವಾರ ಬೇಲೂರಿನ ಮಕ್ಕಳು ಬಂದರು. ಮೂರನೆಯ ಆಟದಲ್ಲಿ ತಕರಾರು: ಬಳೆ ಕೈಯಲ್ಲಿರುವ ಪ್ರಾಣಿ ಹೊಡೆಯದೆ ಸುಮ್ಮನೆ ಹಿಡಿದುಕೊಂಡೇ ಇದ್ದರೆ? ಇದು ನನಗೆ ಹೊಳೆದೇ ಇರಲಿಲ್ಲ. ಎಲ್ಲರೂ ಅಜ್ಜಿಯ ಕಡೆ ನೋಡಿದರು. ನಾನು ಗಾಬರಿಯಿಂದ ಸನ್ನೆ ಮಾಡತೊಡಗಿದೆ.

"ರೀ, ಸುಮ್ನಿರಿ, ನಿಮಗೆ ಇದೆಲ್ಲ ಗೊತ್ತಾಗಲ್ಲ," ಎಂದು ಕಮಲ ಮಕ್ಕಳ ಕಡೆ ತಿರುಗಿದಳು. "ಮೂರು ಎಣಿಸೋದ್ರೊಳಗೆ ದಾಟಿಸದಿದ್ರೆ ಬಳೆ ಒಡೆದುಹೋಗತ್ತೆ. ಆಮೇಲೆ ಇಬ್ಬರಿಗೂ ಬಳೆ ಇಲ್ಲ, ಸರದೀನೂ ಇಲ್ಲ. ಆಯ್ತಾ?"

ಬೇಲೂರಿನವರೂ ತಲೆದೂಗಿದರು. ನನ್ನ ಪ್ರಾಣಿಗೆ ನಾನು ಕೊಡದೆ ಹೋಗಿದ್ದ ಜೀವ ಆ ಒಂದು ಮಾತಿನಲ್ಲಿ ಬಂತು. ಅಲ್ಲಿಂದಾಚೆಗೆ ಹೊಸ ಪ್ರಾಣಿ ಯೋಚಿಸುವವರೆಲ್ಲ ಅಡುಗೆಮನೆಗೆ ಹೋಗತೊಡಗಿದರು, ಆರಿಸುವುದಕ್ಕೆ ಮಾತ್ರ ಜಗಲಿಗೆ ಬರುತ್ತಿದ್ದರು. ಜಡ್ಜಿನ ಕೆಲಸ ನನಗೇ ಉಳಿಯಿತು. ಮರುವರ್ಷ ಹೊಸದಾಗಿ ಆಟಕ್ಕೆ ಸೇರಿದ ಹುಡುಗಿಯೊಬ್ಬಳಿಗೆ ಸಿಂಧು ನನ್ನನ್ನು ಪರಿಚಯ ಮಾಡಿಕೊಡುತ್ತಿದ್ದದ್ದು ಕಿಟಕಿಯಿಂದ ಕೇಳಿಸಿತು: "ನಮ್ಮ ತಾತಂಗೆ ಐಡಿಯಾ ಗೀಡಿಯಾ ಏನೂ ಬರಲ್ಲ ಕಣೇ, ಆದ್ರೆ ಮೋಸ ಮಾತ್ರ ಮಾಡಲ್ಲ." ಎರಡೂ ತಪ್ಪು. ಒಂದನ್ನು ತಿದ್ದಲು ಹೋದರೆ ಇನ್ನೊಂದೂ ಬಯಲಾಗುತ್ತದೆಂದು, ಕಿಟಕಿ ಮುಚ್ಚಿ ಗಡಿಯಾರಕ್ಕೆ ಕೀಲಿ ಕೊಟ್ಟೆ.