ಊಟದ ಬೆಂಚಿನಡಿಯ ನೀರಿನ ಪಂಪಿನವರ ಸನ್ನಿಧಿಗೆ

ಕಾಪೆಲ್, ಟೆಕ್ಸಸ್
ಮೇ ೨೦೧೬

ಮಾನ್ಯರೇ,

ನಮ್ಮ ಮೋಟರ್‌ಹೋಮಿನ ಊಟದ ಬೆಂಚಿನ ಕೆಳಗೆ, ಪ್ಲೈವುಡ್ ಪೆಟ್ಟಿಗೆಯೊಳಗೆ ವಿರಾಜಮಾನರಾಗಿ, ಟ್ಯಾಂಕಿನ ನೀರನ್ನು ನಲ್ಲಿಗೆ ತಲುಪಿಸುವ ಮಹತ್ಕಾರ್ಯದಲ್ಲಿ ತೊಡಗಿರುವ ತಮಗೆ ಆತ್ರೇಯ ಎಂಬ ನಾನು ಸಾಷ್ಟಾಂಗ ನಮಸ್ಕಾರ ಮಾಡಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ತಮ್ಮ ದರ್ಶನಕ್ಕೆ ಸಾಷ್ಟಾಂಗವಲ್ಲದೆ ಬೇರೆ ಭಂಗಿಯೇ ಇಲ್ಲವೆಂಬುದು ನನ್ನ ಬೆನ್ನಿಗೆ ಚೆನ್ನಾಗಿ ಗೊತ್ತಿದೆ.

ಅಡಿಗೆಮನೆ, ಬಚ್ಚಲು, ಹಾಸಿಗೆಗಳನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡು ಓಡುವ ಈ ಗಾಡಿಯನ್ನು ಇರ್ವಿಂಗಿನ ಹಿರಿಯರೊಬ್ಬರು ನನಗೆ ಮಾರುವಾಗ, "ಪಂಪು ಸ್ವಲ್ಪ ಮಾತುಗಾರ, ಅಷ್ಟೇ" ಎಂದು ನಕ್ಕಿದ್ದರು. ಮಾರ್ಚ್ ತಿಂಗಳ ಶಾಲೆಯ ರಜೆಯಲ್ಲಿ ನಾನು, ನನ್ನ ಹೆಂಡತಿ ತುಂಗಾ, ಹನ್ನೆರಡು ವರ್ಷದ ಮಗಳು ಅನಘಾ ಮತ್ತು ನಮ್ಮೊಂದಿಗೇ ಇರುವ ಮಾವನವರಾದ ವೆಂಕಟಗಿರಿಯವರು ಆಸ್ಟಿನ್ ಮಾರ್ಗವಾಗಿ ಹ್ಯೂಸ್ಟನ್ನಿಗೆ ಹೊರಟೆವು. ಹ್ಯೂಸ್ಟನ್ನಿನ ಪಕ್ಕದ ಸ್ಟಾಫರ್ಡಿನಲ್ಲಿ ಸ್ನೇಹಿತೆ ಸುಪ್ರಜಾ ಅವರ ಮನೆಯಲ್ಲಿ ಅನಘಾ ಹಾಡುವುದಿತ್ತು. ದಾರಿಯಲ್ಲಿ, ವೇಕೋ ಬಳಿಯ ಕ್ಯಾಂಪಿನಲ್ಲಿ ತುಂಗಾ ಅಕ್ಕಿ ತೊಳೆಯಲು ನಲ್ಲಿ ತಿರುಗಿಸಿದ ಕ್ಷಣ ತಾವು ಮೊದಲ ಬಾರಿಗೆ ಮಾತಾಡಿದಿರಿ. ಶೆಲ್ಫಿನ ಲೋಟಗಳು ಒಂದೊಂದಾಗಿ ಅಂಚಿನ ಕಡೆಗೆ ನಡೆದವು. ಪಕ್ಕದ ಗಾಡಿಯ ಯಜಮಾನರು ಬಂದು ಬಾಗಿಲು ತಟ್ಟಿ, ಒಳಗೆ ಹೆಲಿಕಾಪ್ಟರ್ ಏನಾದರೂ ಇದೆಯೇ ಎಂದು ಬಹಳ ಮರ್ಯಾದೆಯಿಂದ ವಿಚಾರಿಸಿದರು.

ಸಾಫ್ಟ್‌ವೇರಿನಲ್ಲಿ ದೋಷ ಹುಡುಕುವುದೇ ನನ್ನ ಉದ್ಯೋಗವಾದ್ದರಿಂದ ತಮ್ಮಂಥವರ ಸೇವೆಗೆ ನಾನೇ ತಕ್ಕವನೆಂದು ಭಾವಿಸಿ, ವಿಡಿಯೋ ನೋಡಿ ನೋಡಿ ಜ್ಞಾನಿಯಾದೆ. ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡಿರಬಹುದೆಂದು ಎಲ್ಲ ನಲ್ಲಿಗಳನ್ನೂ ತೆರೆದಿಟ್ಟೆ. ತಾವು ಎಲ್ಲ ನಲ್ಲಿಗಳಿಂದಲೂ ಗರ್ಜಿಸಿದಿರಿ. ತಮ್ಮ ಬಾಯಿಗೆ ಕಟ್ಟಿದ್ದ ಜರಡಿಯನ್ನು ಬಿಚ್ಚಿ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದೆ. ಅದು ತುಂಗಾಳ ಬ್ರಷ್ಷೆಂದು ಆಮೇಲೆ ತಿಳಿಯಿತು. ಅವಳ ಯೋಗದ ಚಾಪೆಯನ್ನು ಕತ್ತರಿಸಿ ತಮಗೆ ಹೊದಿಸಿದಾಗ ತಮ್ಮ ಕಂಠ ಇನ್ನಷ್ಟು ಗಂಭೀರವಾಯಿತು. ಕೊನೆಗೆ, ಸಡಿಲವಾಗಿರಬಹುದೆಂದು ತಮ್ಮ ನಾಲ್ಕೂ ಸ್ಕ್ರೂಗಳನ್ನು ಕೈಲಾದಷ್ಟು ಬಿಗಿ ಮಾಡಿದೆ. ತಾವು ಅದನ್ನು ಪ್ರೋತ್ಸಾಹವೆಂದು ತಿಳಿದು ಇಡೀ ಗಾಡಿಯನ್ನೇ ನಡುಗಿಸಿದಿರಿ.

ಇಷ್ಟೆಲ್ಲ ನಡೆಯುವಾಗಲೂ ಬೆಂಚಿನಲ್ಲಿ, ತಮ್ಮ ನೆತ್ತಿಯ ಮೇಲೆಯೇ ಕುಳಿತು ಪುಸ್ತಕ ಓದುತ್ತಿದ್ದ ಮಾವನವರು ಹುಬ್ಬನ್ನೂ ಅಲ್ಲಾಡಿಸಲಿಲ್ಲ. "ರೀ, ಅಪ್ಪನ್ನ ನೋಡಿ ಕಲೀರಿ. ಎಷ್ಟು ಸಮಾಧಾನ!" ಎಂದಳು ತುಂಗಾ. ಮೈಸೂರಿನ ನೀರು ಸರಬರಾಜು ಇಲಾಖೆಯಲ್ಲಿ ಮೂವತ್ತೊಂದು ವರ್ಷ ದುಡಿದವರ ತಾಳ್ಮೆಯೇ ಇದು ಎಂದು ನಾನೂ ನಾಚಿಕೊಂಡೆ.

ಆಸ್ಟಿನ್ನಿನಲ್ಲಿ ಮರುದಿನ ಮಧ್ಯಾಹ್ನ, ತುಂಗಾ ಪಾತ್ರೆ ತೊಳೆಯುತ್ತಿದ್ದಾಗ, ತಾವು ಪೂರ್ಣ ಪ್ರತಿಭೆಯಿಂದ ಬೊಬ್ಬಿಡುತ್ತಿದ್ದಾಗ, ಸೋತವನಾಗಿ ನಾನು ಮಾವನವರ ಎದುರು ಕುಳಿತು ಗಂಟಲು ಹರಿಯುವಂತೆ ಕೇಳಿದೆ: "ಮಾವ, ಈ ಸದ್ದಿಗೆ ನಿಮಗೆ ತಲೆನೋವು ಬರಲ್ವಾ?"

ಅವರು ನನ್ನ ತುಟಿಗಳನ್ನೇ ನೋಡಿ, ನಿಧಾನವಾಗಿ ಕನ್ನಡಕ ಸರಿಮಾಡಿಕೊಂಡು ಹೇಳಿದರು: "ಯಾವ ಸದ್ದು?"

ತುಂಗಾ ನಲ್ಲಿ ನಿಲ್ಲಿಸಿದಳು. ತಾವೂ ಸುಮ್ಮನಾದಿರಿ. ನಮ್ಮ ಮೂವರ ಮುಖ ನೋಡಿದ ಮಾವನವರು, "ಓ, ಸದ್ದಾ? ಹೌದು ಹೌದು, ಸ್ವಲ್ಪ ಇದೆ" ಎಂದರು. ಆಗ ಅಲ್ಲಿ ಸದ್ದೇ ಇರಲಿಲ್ಲ.

ಮಾನ್ಯರೇ, ನಮ್ಮ ಮನೆಯಲ್ಲಿ ಎರಡು ವರ್ಷದಿಂದ ಒಂದು ಸಣ್ಣ ಬೇಸರವಿತ್ತು. ಅನಘಾಳಿಗೆ ಹಾಡು ಹೇಳಿಕೊಟ್ಟವರೇ ಮಾವನವರು. ಮೊದಲೆಲ್ಲ ಸಾಲುಸಾಲಿಗೂ ತಡೆದು ತಿದ್ದುತ್ತಿದ್ದವರು, ಆಮೇಲೆ ಏನು ಹಾಡಿದರೂ "ಚೆನ್ನಾಗಿತ್ತು ಪುಟ್ಟೀ" ಎನ್ನತೊಡಗಿದ್ದರು. ತಾತನಿಗೆ ತನ್ನ ಹಾಡಿನಲ್ಲಿ ಆಸಕ್ತಿ ಹೋಯಿತೆಂದು ಅವಳು ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡುತ್ತಿದ್ದಳು. ಈಗ ಅವಳು ಅವರ ಎದುರು ಬಂದು ನಿಂತಳು. "ಸೋ ಯೂ ನೆವರ್ ಹರ್ಡ್ ಮಿ, ತಾತ?"

"ನಿನ್ನ ಮುಖ ನೋಡ್ತಿದ್ದೆ ಪುಟ್ಟೀ," ಎಂದರು. "ಮುಖ ಅರಳಿದ್ರೆ ಹಾಡೂ ಚೆನ್ನಾಗೇ ಬಂದಿರುತ್ತೆ ಅಂದ್ಕೊಂಡೆ."

"ಯಾಕಪ್ಪಾ ಹೇಳ್ಲಿಲ್ಲ?" ಎಂದು ತುಂಗಾ ಕೇಳಿದಾಗ ಅವರು ಪುಸ್ತಕವನ್ನು ಮಡಿಚಿಟ್ಟರು. "ಹೇಳಿದ್ರೆ ಡ್ರೈವ್ ಮಾಡೋದು ಬೇಡ ಅಂತೀರಿ. ಇವಳನ್ನ ಕ್ಲಾಸಿಗೆ ಡ್ರಾಪ್ ಮಾಡೋದು ನಾನು. ಅದೊಂದೇ ಕಣಮ್ಮ ನನಗೆ ಅಂತ ಇರೋ ಕೆಲಸ."

ನಮ್ಮ ಮೂವರ ನೋಟ ಮಾವನವರಿಗೆ ಕಷ್ಟವಾಗಿರಬೇಕು. ಎದ್ದು ಬೆಂಚಿನ ಪಕ್ಕದ ಹಲಗೆ ಸರಿಸಿ, ಮಂಡಿಯೂರಿ, ತುಂಗಾಳಿಗೆ ನಲ್ಲಿ ತಿರುಗಿಸುವಂತೆ ಸನ್ನೆ ಮಾಡಿ, ಗರ್ಜಿಸುತ್ತಿದ್ದ ತಮ್ಮ ಮೈಮೇಲೆ ಅಂಗೈ ಇಟ್ಟರು. ಆ ಅಂಗೈ ಪೈಪಿನುದ್ದಕ್ಕೂ ನಿಧಾನವಾಗಿ ಸರಿದು, ಎರಡು ಗೇಣಿನಾಚೆ, ಪೈಪು ಪ್ಲೈವುಡ್ಡಿನ ತೂತಿನೊಳಗೆ ನುಸುಳುವಲ್ಲಿ ನಿಂತಿತು. "ಪೈಪು ಇಲ್ಲಿ ಮರಕ್ಕೆ ಹೊಡೀತಿದೆ. ಪಂಪು ಪಾಪದ್ದು, ಬೊಬ್ಬಿಡ್ತಿರೋದು ಮರ." ಆಮೇಲೆ ತಮ್ಮ ನಾಲ್ಕು ರಬ್ಬರಿನ ಪಾದಗಳನ್ನು ಮುಟ್ಟಿ ನನ್ನ ಕಡೆ ತಿರುಗಿದರು. "ಈ ಸ್ಕ್ರೂ ಹೀಗೆ ಬಿಗಿ ಮಾಡಿದ್ದು ಯಾರು? ರಬ್ಬರು ಅಪ್ಪಚ್ಚಿಯಾಗಿದೆಯಲ್ಲ, ನಡುಕ ತಡೆಯೋದು ಹೇಗೆ?"

ದೋಷ ಹುಡುಕುವ ವೃತ್ತಿಯ ನಾನು ತಲೆ ತಗ್ಗಿಸಿದೆ. ಅವರು ಸ್ಕ್ರೂಗಳನ್ನು ಸಡಿಲಿಸಿ, ಸ್ವಂತ ಹವಾಯಿ ಚಪ್ಪಲಿಯ ಹಿಮ್ಮಡಿಯನ್ನು ಕೊಯ್ದು ಪೈಪಿಗೆ ಸುತ್ತಿ ತೂತಿನಲ್ಲಿ ಸಿಕ್ಕಿಸಿದರು. ಮತ್ತೆ ನಲ್ಲಿ ತಿರುಗಿಸಿದಾಗ ತಾವು ಜೇನುನೊಣದಷ್ಟು ಮೆತ್ತಗೆ ಗುಂಯ್ಗುಟ್ಟಿದಿರಿ. ಆ ಗಾಡಿಯಲ್ಲಿ ತಮ್ಮ ಗದ್ದಲ ಕೇಳದಿದ್ದವರು ಅವರೊಬ್ಬರೇ. ಅದನ್ನು ನಿಲ್ಲಿಸಿದವರೂ ಅವರೊಬ್ಬರೇ.

ಕಿವಿಯ ವೈದ್ಯೆಯಾದ ಸುಪ್ರಜಾ ಸ್ಟಾಫರ್ಡಿನಲ್ಲಿ ಮಾವನವರನ್ನು ಪರೀಕ್ಷಿಸಿ, ಪ್ರಯೋಗಕ್ಕೆಂದು ಒಂದು ಜೊತೆ ಶ್ರವಣಯಂತ್ರ ಹಾಕಿ, ಇವನ್ನು ತೊಟ್ಟು ಧಾರಾಳವಾಗಿ ಡ್ರೈವ್ ಮಾಡಬಹುದು ಎಂದರು. ಶನಿವಾರ ಸಂಜೆ ಅನಘಾ ಹಾಡಿದಳು. ಜನ ಚಪ್ಪಾಳೆ ತಟ್ಟಿದರು. ಅವಳು ಯಾರನ್ನೂ ನೋಡದೆ ನೆಟ್ಟಗೆ ತಾತನ ಬಳಿ ಬಂದಳು. ಅವರು ಹೇಳಿದರು: "ಎರಡನೇ ಚರಣದಲ್ಲಿ ತಾಳ ಓಡಿಸ್ತೀಯ. ನಿಷಾದ ಒಂದು ಕೂದಲೆಳೆ ಕೆಳಗಿದೆ. ನಾಳೆ ಬೆಳಿಗ್ಗೆ ಮತ್ತೆ ಕೂತ್ಕೋಬೇಕು." ಅಷ್ಟು ಜನರ ಎದುರು ಬೈಸಿಕೊಂಡ ನನ್ನ ಮಗಳು ಅವರ ಕೊರಳಿಗೆ ಜೋತುಬಿದ್ದಳು.

ಆದ್ದರಿಂದ ತಮ್ಮ ಮೇಲಿನ ನನ್ನ ದೂರು ಏನೆಂದರೆ, ತಾವು ಎರಡು ವರ್ಷ ತಡವಾಗಿ ಬಂದಿರಿ. ಇನ್ನು ಮುಂದೆ ಕಾಪೆಲ್ಲಿನ ಎಲ್ಲ ಮನೆಗಳ ಊಟದ ಮೇಜಿನ ಕೆಳಗೂ ವಾರಕ್ಕೊಮ್ಮೆ ಬಿಜಯಂಗೈದು, ಯಾರು ಸುಮ್ಮನೆ ತಲೆಯಾಡಿಸುತ್ತಿದ್ದಾರೆಂದು ಕಂಡುಹಿಡಿದು ತಿಳಿಸಬೇಕಾಗಿ ಕೈಮುಗಿದು ಕೋರುತ್ತೇನೆ.

ಇಂತಿ, ಸ್ಕ್ರೂಗಳಿಂದ ಸದಾ ದೂರವಿರುವುದಾಗಿ ಮಾತು ಕೊಡುವ
ತಮ್ಮ ವಿಶ್ವಾಸಿ,
ಆತ್ರೇಯ

ಮರೆತ ಮಾತು: ಗಾಡಿಯ ಫ್ರಿಜ್ಜು ಕಿರ್‌ಗುಟ್ಟುತ್ತಿದೆಯೆಂದು ಮಾವನವರು ನಾಲ್ಕು ದಿನದಿಂದ ದೂರುತ್ತಿದ್ದಾರೆ. ನನಗೇನೂ ಕೇಳಿಸುತ್ತಿಲ್ಲ. ನಿನ್ನೆ ಅವರು ನನ್ನನ್ನು ಕೇಳದೆಯೇ ಸುಪ್ರಜಾ ಅವರಿಗೆ ಫೋನ್ ಮಾಡಿ ನನ್ನ ಕಿವಿಗೂ ಒಂದು ಅಪಾಯಿಂಟ್‌ಮೆಂಟ್ ತೆಗೆದುಕೊಂಡಿದ್ದಾರೆ. ಫ್ರಿಜ್ಜಿಗೆ ಪಾಠ ಹೇಳಿಕೊಡುತ್ತಿರುವವರು ತಾವೇ ಆಗಿದ್ದಲ್ಲಿ, ದಯವಿಟ್ಟು ಇವತ್ತೇ ನಿಲ್ಲಿಸಿ.