ಉಂಡೆ ಕೊಬ್ಬರಿ ಕೈಗೆ ಬಂದಾಗ

ಶಿಕ್ಷಕಿಯರಿಗೂ ಮಂಡಿ ಇರುತ್ತದೆ ಎಂಬ ಸಂಗತಿ ತರಬೇತಿ ಕೊಡುವವರಿಗೆ ತಿಳಿದಿರುವುದಿಲ್ಲ. ತಿಳಿದಿದ್ದರೆ, ಐವತ್ತೆರಡು ದಾಟಿದ ನನ್ನಂಥವಳಿಗೆ ದಿನಾ ಬೆಳಿಗ್ಗೆ ಮಕ್ಕಳ ಜೊತೆ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿಕೊಂಡು ಕೂರಿ ಎಂದು ಹೇಳುವ ಧೈರ್ಯ ಅವರಿಗೆ ಬರುತ್ತಿರಲಿಲ್ಲ. ಕೂರುವುದು ಹೇಗೋ ಆಗುತ್ತದೆ, ಭೂಮಿಯೇ ಎಳೆದುಕೊಳ್ಳುತ್ತದೆ. ಏಳುವುದಿದೆಯಲ್ಲ, ಅದಕ್ಕೆ ಎಡಗಡೆ ಒಬ್ಬ, ಬಲಗಡೆ ಒಬ್ಬಳು ಬೇಕು. ಆದರೆ ನಾನು ಈಗ ಹೇಳಲು ಹೊರಟಿರುವುದು ಮಂಡಿಯ ವಿಷಯವಲ್ಲ, ಬಾಯಿಯ ವಿಷಯ. ಮಂಡಿಗಾದರೆ ಎಣ್ಣೆ ಹಚ್ಚಬಹುದು.

ಹಾಸನದಲ್ಲಿ ನಡೆದ ಮೂರು ದಿನದ ತರಬೇತಿಯಲ್ಲಿ ಈ ಪೀಡೆ ನನಗೆ ಅಂಟಿಕೊಂಡಿತು. ನನ್ನ ಮಗನ ವಯಸ್ಸಿನ ಒಬ್ಬ ತರಬೇತುದಾರ ನಮ್ಮನ್ನೆಲ್ಲ ದುಂಡಗೆ ಕೂರಿಸಿ, ಕೈಗೊಂದು ಚೆಂಡು ಕೊಟ್ಟು, "ಚೆಂಡು ಯಾರ ಹತ್ರ ಇರುತ್ತೋ ಅವರು ಮಾತ್ರ ಮಾತಾಡಬೇಕು. ಈಗ ನಿಮ್ಮ ಮನಸ್ಸು ಹೇಗಿದೆ ಅಂತ ಹೇಳಿ" ಎಂದ. ಇಪ್ಪತ್ತೇಳು ವರ್ಷದ ಸರ್ವಿಸಿನಲ್ಲಿ ನನ್ನ ಮನಸ್ಸು ಹೇಗಿದೆ ಅಂತ ಇಲಾಖೆ ಕೇಳಿದ್ದು ಅದೇ ಮೊದಲು. ಅರಕಲಗೂಡಿನ ಕಡೆಯ ಮೇಷ್ಟ್ರೊಬ್ಬರು ಚೆಂಡು ಹಿಡಿದು ಬಹಳ ಹೊತ್ತು ಯೋಚಿಸಿ "ಹಸಿವಾಗಿದೆ" ಎಂದರು. ಹೊಳೆನರಸೀಪುರದ ಟೀಚರ್ ಒಬ್ಬರು ಅತ್ತೇಬಿಟ್ಟರು. ಯಾಕೆ ಎಂದು ಕೇಳಿದರೆ ಅವರಿಗೇ ಗೊತ್ತಿರಲಿಲ್ಲ. ಶಾಲೆಯ ದಿನ ಹೀಗೇ ಶುರುವಾಗಬೇಕಂತೆ. ಪ್ರಾರ್ಥನೆ ಮುಗಿದ ಕೂಡಲೇ ತರಗತಿಯಲ್ಲಿ ಎಲ್ಲರೂ ದುಂಡಗೆ ಕೂತು, ಒಬ್ಬರಿಗೊಬ್ಬರು ನಮಸ್ಕಾರ ಹೇಳಿ, ಮನೆಯ ಸುದ್ದಿ ಹಂಚಿಕೊಂಡು, ಆಮೇಲೆ ಪಾಠ. ಹೆಸರು 'ಬೆಳಗಿನ ಬಳಗ'. ಇದಕ್ಕೊಂದೇ ಕಟ್ಟುನಿಟ್ಟಿನ ನಿಯಮ: ಬಳಗದಲ್ಲಿ ಹೇಳಿದ್ದು ಬಳಗದಲ್ಲೇ ಉಳಿಯಬೇಕು. ನಾನು ನೋಟ್ ಬುಕ್ಕಿನಲ್ಲಿ ಬರೆದುಕೊಂಡು ಕೆಳಗೆ ಎರಡು ಗೆರೆ ಬೇರೆ ಎಳೆದೆ.

ನಾನಿರುವುದು ಚನ್ನರಾಯಪಟ್ಟಣದಲ್ಲಿ. ಶಾಲೆ ಇರುವುದು ಹಿರೀಸಾವೆಯಿಂದ ಒಳಗೆ ನಾಲ್ಕು ಕಿಲೋಮೀಟರ್ ದೂರದ ಹಳ್ಳಿಯಲ್ಲಿ. ನನ್ನ ಐದನೇ ತರಗತಿಯಲ್ಲಿ ಹದಿನಾಲ್ಕು ಮಕ್ಕಳು. ಶಾಲೆಯಲ್ಲಿದ್ದ ಒಂದೇ ಚೆಂಡಿಗೆ ಗಾಳಿ ಇರಲಿಲ್ಲ. ಹಾಗಾಗಿ ಲೋಹಿತ ಎಂಬ ಹುಡುಗ ಅವರ ಮನೆಯ ಅಟ್ಟದಿಂದ ಒಂದು ಉಂಡೆ ಕೊಬ್ಬರಿ ತಂದುಕೊಟ್ಟ. ಕೊಬ್ಬರಿ ಯಾರ ಕೈಯಲ್ಲಿದೆಯೋ ಅವರದೇ ಮಾತು. ಮೊದಲ ಕೊಬ್ಬರಿ ನಾಲ್ಕು ದಿನ ಬಾಳಿಕೆ ಬಂತು. ಮಾತಾಡುವಾಗ ಒಂದೊಂದು ಕಡೆ ಕೆರೆದು ತಿನ್ನುತ್ತಿದ್ದರು. ಶುಕ್ರವಾರದ ಹೊತ್ತಿಗೆ ಲೋಹಿತನ ಸರದಿ ಬಂದಾಗ ಅವನ ಕೈಗೆ ಸಿಕ್ಕಿದ್ದು ಅಡಿಕೆ ಗಾತ್ರದ ಚೂರು. ಅದನ್ನೂ ಬಾಯಿಗೆ ಹಾಕಿಕೊಂಡು "ನನ್ ಮಾತು ಮುಗೀತು ಮಿಸ್" ಎಂದ. ಆಮೇಲೆ ವಾರಕ್ಕೊಂದು ಕೊಬ್ಬರಿ ಎಂದು ಪಾಳಿ ಹಾಕಿಕೊಂಡೆವು.

ಮೊದಮೊದಲು ಮಕ್ಕಳು ಹೇಳುತ್ತಿದ್ದುದು ಬೆಳಿಗ್ಗೆ ತಿಂಡಿ ಏನು ಎಂಬುದನ್ನು. ಹದಿನಾಲ್ಕು ಬಾಯಿಂದ ಹದಿನಾಲ್ಕು ಸಲ 'ರೊಟ್ಟಿ' ಎಂದು ಕೇಳಿ ನನಗೆ ಆಕಳಿಕೆ ಬರುತ್ತಿತ್ತು. ಎರಡನೇ ವಾರಕ್ಕೆ ಮಡಕೆಯ ಮುಚ್ಚಳ ತೆಗೆದಂತಾಯಿತು. ಒಬ್ಬನ ದೊಡ್ಡಪ್ಪ ಕೂದಲಿಗೆ ಬಣ್ಣ ಹಚ್ಚಿಕೊಂಡು ಮುಖ ಊದಿಸಿಕೊಂಡಿದ್ದ. ಒಬ್ಬಳ ಮನೆಯಲ್ಲಿ ಅಪ್ಪ ಅಮ್ಮ ಮೂರು ದಿನದಿಂದ ಮಾತು ಬಿಟ್ಟು, ನಾಯಿಯ ಮೂಲಕ ಮಾತಾಡುತ್ತಿದ್ದರು. "ನಾಯೀಗೆ ಯೋಳ್ತದೆ ಮಿಸ್ ನಮ್ಮವ್ವ, 'ನೋಡ್ಲಾ ರಾಜ, ಕೆಲವ್ರಿಗೆ ಸಾರು ಬೇಕಾದ್ರೆ ಬಡಿಸ್ಕೊಂಡು ತಿನ್ಬೋದು' ಅಂತ." ಅಯ್ಯೋ, ಸುಳ್ಳು ಯಾಕೆ ಹೇಳಲಿ, ನನಗೆ ರುಚಿ ಹತ್ತಿಬಿಟ್ಟಿತು. ಮಂಡಿ ನೋವು ಎಲ್ಲಿ ಹೋಯಿತೋ ಗೊತ್ತಿಲ್ಲ. ಟಿವಿ ಧಾರಾವಾಹಿ ನೋಡುವುದನ್ನೇ ಬಿಟ್ಟೆ. ಭಾನುವಾರ ಬಂದರೆ ಬೇಜಾರಾಗುತ್ತಿತ್ತು. ಗಣಿತದ ಪೀರಿಯಡ್ಡು ಅರ್ಧ ನುಂಗಿಹೋಗುತ್ತಿದ್ದರೂ ನಾನು "ಆಮೇಲೇನಾಯ್ತು ಮರಿ?" ಎಂದು ಕೇಳುತ್ತಿದ್ದೆ. ಹೆಡ್ ಮಾಸ್ಟರು ಕಿಟಕಿಯಲ್ಲಿ ಇಣುಕಿ, "ಎಷ್ಟು ಶ್ರದ್ಧೆಯಿಂದ ಮಾಡ್ತಿದೀರಿ ಮೇಡಂ" ಎಂದು ಹೊಗಳಿ ಹೋದರು.

ಅವರೆಕಾಯಿ ಕಾಲದ ಒಂದು ಬೆಳಿಗ್ಗೆ ಕೊಬ್ಬರಿ ಸಿಂಚನಾ ಕೈಗೆ ಬಂತು. ಎರಡು ಜಡೆಯ, ಗಟ್ಟಿ ದನಿಯ ಹುಡುಗಿ. ಅವತ್ತು ಮಾತ್ರ ದನಿ ತಗ್ಗಿಸಿ, "ಇದು ಇಲ್ಲೇ ಇರ್ತದೆ ಅಲ್ವಾ ಮಿಸ್?" ಎಂದಳು. ನಾನು ಎದೆಯ ಮೇಲೆ ಕೈಯಿಟ್ಟು "ಇಲ್ಲೇ ಇರುತ್ತೆ" ಎಂದೆ. ಅವಳು ಹೇಳಿದಳು: ಅವಳ ಅಮ್ಮ ಮಂಜುಳಾ ದಿನಾ ಬೆಳಗಿನ ಜಾವ ನೀರೊಲೆಯ ಮುಂದೆ ಕೂತು ಹತ್ತನೇ ಕ್ಲಾಸಿನ ಲೆಕ್ಕ ಮಾಡುತ್ತಾಳೆ. ಯಾಕೆಂದರೆ ಮದುವೆಗೆ ಮುಂಚೆ ಅವಳು ಎಸ್ಸೆಸ್ಸೆಲ್ಸಿಯಲ್ಲಿ ಲೆಕ್ಕದಲ್ಲಿ ಫೇಲಾಗಿದ್ದಳು. ತವರಿನವರು ಮಾತ್ರ ಗಂಡಿನ ಕಡೆಯವರಿಗೆ "ಪಾಸು" ಎಂದು ಹೇಳಿ ಮದುವೆ ಮುಗಿಸಿದ್ದರು. ಹನ್ನೆರಡು ವರ್ಷದಿಂದ ಅತ್ತೆ ನಿಂಗಮ್ಮ "ನಮ್ ಸೊಸೆ ಎಸ್ಸೆಲ್ಸಿ ಪಾಸು ಕಣ್ರಮ್ಮ" ಎಂದು ಊರಿಗೆಲ್ಲ ಹೇಳಿಕೊಂಡು ಬಂದಿದ್ದಾರೆ. ಈಗ ಊರಿನ ಅಂಗನವಾಡಿಯಲ್ಲಿ ಸಹಾಯಕಿ ಕೆಲಸ ಖಾಲಿಯಾಗಲಿದೆ, ಅತ್ತೆಯೇ ಅರ್ಜಿ ಹಾಕು ಎಂದು ದುಂಬಾಲು ಬಿದ್ದಿದ್ದಾರೆ, ಅರ್ಜಿಗೆ ಮಾರ್ಕ್ಸ್ ಕಾರ್ಡು ಬೇಕು. ಅದಕ್ಕೇ ಗುಟ್ಟಾಗಿ ಪರೀಕ್ಷೆ ಕಟ್ಟಿದ್ದಾಳೆ. ಹದಿಮೂರು ಮಕ್ಕಳು ಬಾಯಿ ಮೇಲೆ ಬೆರಳಿಟ್ಟುಕೊಂಡರು. ನಾನೂ ಇಟ್ಟುಕೊಂಡೆ.

ಬೆರಳು ಸಂಜೆ ನಾಲ್ಕೂವರೆಯವರೆಗೆ ಅಲ್ಲೇ ಇತ್ತು. ಹಿರೀಸಾವೆಯಿಂದ ಪಟ್ಟಣಕ್ಕೆ ಹೋಗುವ ಬಸ್ಸಿನಲ್ಲಿ ನನ್ನ ಪಕ್ಕ ದಿನಾ ಕೂರುವವಳು ಪ್ರಭಾವತಿ, ಪಕ್ಕದ ಹಳ್ಳಿಯ ಶಾಲೆಯ ಟೀಚರು. ಅವಳು ಕಡಲೆಕಾಯಿ ಬಿಡಿಸಿಕೊಡುತ್ತಿದ್ದಳು, ನಾನು ಸುದ್ದಿ ಬಿಡಿಸಿಕೊಡುತ್ತಿದ್ದೆ. ಅದು ನಮ್ಮಿಬ್ಬರ ಒಪ್ಪಂದ. "ಇವತ್ತು ಏನೂ ಇಲ್ವೇನೇ?" ಎಂದಳು. ಇಲ್ಲ ಎಂದರೆ ಕಡಲೆಕಾಯಿ ತಿಂದದ್ದಕ್ಕೆ ಏನು ಮರ್ಯಾದೆ? ಶುರುಮಾಡಿದೆ. ನಾನು ಹೇಳುವ ರೀತಿ ನಿಮಗೆ ಗೊತ್ತಿಲ್ಲ. ಅತ್ತೆಯ ದನಿ, ಸೊಸೆಯ ದನಿ, ನೀರೊಲೆಯ ಹೊಗೆಗೆ ಕೆಮ್ಮು, ಎಲ್ಲ ಸೇರಿಸಿ ಹೇಳುತ್ತೇನೆ. "ನಮ್ ಸೊಸೆ ಎಸ್ಸೆಲ್ಸಿ ಪಾಸು ಕಣ್ರಮ್ಮ!" ಎಂದು ನಾನು ಎರಡನೇ ಸಲ ಅಭಿನಯಿಸಿ ತೋರಿಸುವಾಗ ಮುಂದಿನ ಸೀಟಿನಲ್ಲಿ ಚಳಿಗೆ ತಲೆ ತುಂಬ ಸೆರಗು ಹೊದ್ದು ಮಲಗಿದ್ದ ಹೆಂಗಸೊಬ್ಬರು ನಿಧಾನವಾಗಿ ಹಿಂದೆ ತಿರುಗಿದರು.

"ಮೇಡಮ್ಮೋರೆ, ನಾನು ಅಂಗ್ ಮಾತಾಡ್ತೀನಾ?" ಎಂದರು ನಿಂಗಮ್ಮ.

ಬಸ್ಸಿನಿಂದ ಹಾರಿಬಿಡಬೇಕು ಎನಿಸಿತು. ಮಂಡಿ ನೆನಪಾಗಿ ಸುಮ್ಮನಾದೆ. ನಿಂಗಮ್ಮ ಮುಂದಕ್ಕೆ ತಿರುಗಿ ಸೆರಗು ಬಿಗಿಯಾಗಿ ಹೊದ್ದುಕೊಂಡರು. ಪಟ್ಟಣದಲ್ಲಿ ಇಳಿಯುವಾಗ "ಅನ್ನೆರಡು ವರ್ಸ" ಎಂದರು, ನನಗಲ್ಲ, ತಮಗೇ. ಆ ರಾತ್ರಿ ನನಗೆ ಊಟ ಸೇರಲಿಲ್ಲ. ನನ್ನ ಗಂಡ ಏನಾಯಿತೆಂದು ಕೇಳಿದರು. ಹೇಳಿದೆ. "ನಿನ್ನ ಬಾಯಿಗಿಷ್ಟು..." ಎಂದು ಶುರುಮಾಡಿ, ನನ್ನ ಮುಖ ನೋಡಿ ಅರ್ಧಕ್ಕೇ ನಿಲ್ಲಿಸಿದರು.

ಮಾರನೆಯ ಬೆಳಿಗ್ಗೆ ಬಳಗದಲ್ಲಿ ಸಿಂಚನಾ ಕೊಬ್ಬರಿ ಮುಟ್ಟಲಿಲ್ಲ. ಪಕ್ಕದವನಿಗೆ ದಾಟಿಸಿ ತಲೆ ತಗ್ಗಿಸಿದಳು. ನಿಂಗಮ್ಮ ರಾತ್ರಿಯ ಬಸ್ಸಿಗೇ ಊರಿಗೆ ಮರಳಿದ್ದರು, ಹಳ್ಳಿಯಲ್ಲಿ ಸುದ್ದಿ ಎಲ್ಲರಿಗೂ ಮುಟ್ಟಿಯಾಗಿತ್ತು. ಲೋಹಿತ ಎದ್ದು ನಿಂತು, "ಮಿಸ್, ರೂಲ್ಸ್ ಮುರ್ದೋರ್ಗೆ ಏನ್ ಸಿಕ್ಸೆ?" ಎಂದ. ನಾನೇ ಕಲಿಸಿದ ಪ್ರಜಾಪ್ರಭುತ್ವ. ಹದಿಮೂರು ಜನ ಕೈಯೆತ್ತಿ ತೀರ್ಮಾನಿಸಿದರು: ಹದಿನೈದು ದಿನ ಮಿಸ್ ಕೈಗೆ ಕೊಬ್ಬರಿ ಕೊಡುವಂತಿಲ್ಲ. ಸಿಂಚನಾ ಕೈಯೆತ್ತಲಿಲ್ಲ. ಅವಳೂ ಎತ್ತಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ.

ಮಧ್ಯಾಹ್ನದ ಊಟದ ಹೊತ್ತಿಗೆ ಮಂಜುಳಾ ಬಂದಳು. ಜಗಳಕ್ಕೇ ಬಂದಳು ಎಂದುಕೊಂಡು ಅಡುಗೆ ಕೋಣೆಯ ಕಡೆಗೆ ಸರಿದೆ. ಅವಳು ಜಗಳವಾಡಲಿಲ್ಲ. ಕಣ್ಣು ಕೆಂಪಾಗಿತ್ತು. "ಅತ್ತೆ ಮಾತು ಬುಟ್ಟವ್ರೆ ಮಿಸ್. ಯಜಮಾನ್ರು ನಿಮ್ಮಪ್ಪನ್ನ ಕರ್ಸು ಅಂತವ್ರೆ. ನಂಗ್ ಪರೀಕ್ಸೆ ಬ್ಯಾಡ. ಮಗೀನ ತಲೆ ತುಂಬ್ಸಿ ಮನೆ ಸುದ್ದಿ ಕೇಳ್ಬೇಡಿ, ಅಷ್ಟೇ ಯೋಳಕ್ ಬಂದೆ" ಎಂದು ತಿರುಗಿದಳು. ಅಲ್ಲಿಗೆ ನಾನು ಸುಮ್ಮನಿರಬೇಕಿತ್ತು. "ಪರೀಕ್ಷೆ ಬಿಡಬೇಡ ಮಂಜುಳಾ, ನಾನೇ ಮನೆಗೆ ಬಂದು ಲೆಕ್ಕ ಹೇಳಿಕೊಟ್ಟು ಪಾಸ್ ಮಾಡಿಸ್ತೀನಿ!" ಎಂದು ಮಕ್ಕಳೆಲ್ಲ ಕೇಳುವಂತೆ ಕೂಗಿಬಿಟ್ಟೆ. ಅವಳು ನಿಂತಳು. ನನ್ನ ಎದೆಯೂ ನಿಂತಿತು. ಯಾಕೆಂದರೆ ಎಸ್ಸೆಸ್ಸೆಲ್ಸಿಯ ಲೆಕ್ಕದಲ್ಲಿ ನಾನು ತೆಗೆದದ್ದು ಮೂವತ್ತೈದು. ಒಂದು ಕಡಿಮೆಯಿಲ್ಲ, ಒಂದು ಹೆಚ್ಚಿಲ್ಲ. ಅದರಲ್ಲೂ ಎಷ್ಟು ನನ್ನದು, ಎಷ್ಟು ಮುಂದಿನ ಬೆಂಚಿನವಳದ್ದು ಎಂದು ಈಗ ಬಿಡಿಸಿ ಹೇಳುವುದು ಕಷ್ಟ.

ಸಂಜೆ ನಿಂಗಮ್ಮನ ಮನೆಗೆ ಹೋದೆ. ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತಿದ್ದರು. "ತಪ್ಪಾಯ್ತು ನಿಂಗಮ್ಮೋರೆ. ನಿಮ್ಮ ಸೊಸೇದಲ್ಲ, ನನ್ನದು" ಎಂದೆ. ಅವರು ಕಾಯಿಯಿಂದ ಕಣ್ಣೆತ್ತದೆ, "ಓದಿದ್ರೆ ಓದ್ಲಿ. ಒಳಗೆ ಕದ್ದು ಓದೋದ್ ಬ್ಯಾಡ. ಇಲ್ಲೇ ಜಗಲಿ ಮ್ಯಾಲೆ ಕೂತು ಯೋಳ್ಕೊಡಿ. ನೀವೇನ್ ಯೋಳ್ಕೊಡ್ತೀರೋ ನಾನೂ ನೋಡ್ಬೇಕು" ಎಂದು ಒಂದು ಮಣೆ ತಳ್ಳಿದರು. ಸಂಜೆಯ ಬಸ್ಸು ತಪ್ಪಿಸಿಕೊಂಡು, ಮುಂದಿನ ಬಸ್ಸು ಬರುವವರೆಗೆ ದಿನಾ ಒಂದೂವರೆ ಗಂಟೆ ಪಾಠ ಎಂದು ನಿಗದಿಯಾಯಿತು.

ಬೀಜಗಣಿತದ ಮುಂದೆ ಕೂತ ಮೊದಲ ದಿನವೇ ನನ್ನ ಬಂಡವಾಳ ಬಯಲಾಯಿತು. ಮನೆಯಲ್ಲಿ ಮಗನಿಗೆ ಫೋನು ಮಾಡಿ, ಕೇಳಿಸಿಕೊಂಡು, ಉರು ಹೊಡೆದು ಬಂದಿದ್ದ ಲೆಕ್ಕ ನಾಲ್ಕನೇ ಸಾಲಿಗೆ ಕೈಕೊಟ್ಟಿತು. ಅಳಿಸಿದೆ. ಬರೆದೆ. ಮತ್ತೆ ಅಳಿಸಿದೆ. ಮಂಜುಳಾ ಬಹಳ ಸಂಕೋಚದಿಂದ, "ಮಿಸ್, ಸಮ ಚಿಹ್ನೆ ದಾಟಿದ್ಮೇಲೆ ಅದು ಮೈನಸ್ ಆಗ್ಬೇಕಲ್ವಾ?" ಎಂದಳು. ಆಗಬೇಕಿತ್ತು. ನಾನು "ನೀನು ಹೇಳ್ತೀಯೋ ಇಲ್ಲವೋ ಅಂತ ನೋಡಿದೆ" ಎಂದೆ. ಇಪ್ಪತ್ತೇಳು ವರ್ಷದಿಂದ ಮಕ್ಕಳ ಮೇಲೆ ಉಪಯೋಗಿಸುತ್ತ ಬಂದಿರುವ ಉಪಾಯ. ಎರಡು ಸಲ ನಡೆಯಿತು. ಮೂರನೇ ಸಲ ನಿಂಗಮ್ಮ ಅವರೆಕಾಯಿ ಬದಿಗಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಮೇಡಮ್ಮೋರೆ, ನೀವೂ ನಮ್ ಸೊಸೆ ತರಾನೇ ಪಾಸಾ?"

ಮಂಜುಳಾ ಸೆರಗು ಬಾಯಿಗೆ ತುರುಕಿಕೊಂಡಳು. ಅದೂ ಸಾಲದೆ ನಗು ಹೊರಗೆ ಬಂದುಬಿಟ್ಟಿತು. ಹಿಂದೆಯೇ ನಿಂಗಮ್ಮನೂ ನಕ್ಕರು. ಅತ್ತೆ ಸೊಸೆ ಬಸ್ಸಿನ ಪ್ರಕರಣದ ನಂತರ ಒಬ್ಬರ ಮುಖ ಒಬ್ಬರು ನೋಡಿದ್ದು ಆಗಲೇ. ನನಗೆ ಅವಮಾನವೂ ಆಯಿತು, ಹೊಟ್ಟೆಯೊಳಗೆ ತಣ್ಣಗೂ ಆಯಿತು. ಬೇರೆ ದಾರಿಯಿಲ್ಲದೆ ಮೂವತ್ತೈದರ ಕಥೆ ಪೂರ್ತಿ ಹೇಳಿದೆ, ಮುಂದಿನ ಬೆಂಚಿನವಳ ಸಮೇತ. ಅಂದಿನಿಂದ ಪಾಠದ ಕ್ರಮ ತಿರುವುಮುರುವಾಯಿತು. ಮಂಜುಳಾ ನನಗೆ ಹೇಳಿಕೊಡುತ್ತಿದ್ದಳು, ನಾನು ದಡ್ಡಿಯ ಹಾಗೆ ಪ್ರಶ್ನೆ ಕೇಳುತ್ತಿದ್ದೆ. ನನಗೆ ಅರ್ಥ ಮಾಡಿಸುವಷ್ಟರಲ್ಲಿ ಅವಳಿಗೆ ಬಾಯಿಪಾಠವಾಗಿಬಿಡುತ್ತಿತ್ತು. ನಿಂಗಮ್ಮ ಪಕ್ಕದಲ್ಲಿ ಕೂತು, "ಇನ್ನೊಂದ್ಸಲ ಯೋಳು, ಮೇಡಮ್ಮೋರ್ಗೆ ತಲೆಗ್ ಓಗ್ಲಿಲ್ಲ" ಎನ್ನುತ್ತಿದ್ದರು.

ಆ ಮೊದಲ ದಿನದ ಪಾಠವನ್ನೆಲ್ಲ ಕಂಬದ ಪಕ್ಕ ಕೂತು ಸಿಂಚನಾ ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದಳು ಎಂಬುದು ನನಗೆ ಹೊಳೆದದ್ದು ಮಾರನೆಯ ಬೆಳಿಗ್ಗೆ, ಬಳಗದಲ್ಲಿ ಕೂತ ಮೇಲೆ. ಅವತ್ತು ಕೊಬ್ಬರಿ ಕೈಗೆ ಬಂದಾಗ ಅವಳು ದಾಟಿಸಲಿಲ್ಲ. ಎರಡು ಕೈಯಲ್ಲೂ ಗಟ್ಟಿಯಾಗಿ ಹಿಡಿದು ನನ್ನನ್ನೇ ನೋಡಿದಳು. ನನ್ನ ಕೈಗೆ ಕೊಬ್ಬರಿಯಿಲ್ಲ, ಬಾಯಿಗೆ ಹಕ್ಕಿಲ್ಲ. ಐದನೇ ತರಗತಿಗೆ ಗಣಿತ ಹೇಳಿಕೊಡುವ ಮಿಸ್ಸಿಗೆ ಗಣಿತ ಬರುವುದಿಲ್ಲ ಎಂಬ ಸುದ್ದಿ ಮಧ್ಯಾಹ್ನದ ಹೊತ್ತಿಗೆ ಹೆಡ್ ಮಾಸ್ಟರಿಗೆ, ಸಂಜೆ ಬಸ್ಸಿನಲ್ಲಿ ಪ್ರಭಾವತಿಗೆ, ನಾಳೆಗೆ ತಾಲ್ಲೂಕಿಗೇ ಮುಟ್ಟುತ್ತದೆ.

"ನಮ್ಮನೇಲಿ ಇವತ್ತು ಏನೂ ಸುದ್ದಿ ಇಲ್ಲ ಮಿಸ್. ಎಲ್ಲಾ ಚೆನ್ನಾಗವ್ರೆ" ಎಂದಳು ಸಿಂಚನಾ. ಕೊಬ್ಬರಿಯನ್ನು ಸ್ವಲ್ಪ ಕಚ್ಚಿಕೊಂಡು ಲೋಹಿತನಿಗೆ ಕೊಟ್ಟಳು. ನನಗೆ ಕಣ್ಣು ತುಂಬಿ ಬಂತು. ಹತ್ತು ವರ್ಷದ ಹುಡುಗಿ ನನ್ನ ಮಾನವನ್ನು ಬಾಯಲ್ಲಿಟ್ಟುಕೊಂಡು ಸುಮ್ಮನೆ ಕೂತಿದ್ದಳು. ನಾನಾಗಿದ್ದರೆ ಅಭಿನಯ ಸಮೇತ ಹೇಳುತ್ತಿದ್ದೆ.

ಆಮೇಲೆ ನಾನು ಬಾಯಿಗೆ ಬೀಗ ಹಾಕಿದೆ. ನಂಬಿ, ಹಾಕಿದೆ. ಬೆಳಗಿನ ಬಸ್ಸಿನಲ್ಲಿ ಪ್ರಭಾವತಿ ಕಡಲೆಕಾಯಿ ಬಿಟ್ಟು ಗೋಡಂಬಿ ತಂದರೂ ಬೀಗ ತೆಗೆಯಲಿಲ್ಲ. ಮಂಜುಳಾ ಪರೀಕ್ಷೆ ಬರೆದಳು. ಫಲಿತಾಂಶ ಬಂದಾಗ ಶಾಲೆಗೆ ಬೇಸಿಗೆ ರಜೆ. ಮಂಜುಳಾ ಮನೆಗೇ ಫೋನು ಮಾಡಿದಳು. "ಐವತ್ತೊಂದು ಮಿಸ್! ಅಂಗನವಾಡಿ ಅರ್ಜಿಗಿನ್ನೂ ಟೈಮದೆ!" ನಾನು ಅಡುಗೆ ಮನೆಯಲ್ಲೇ ನಿಂತು ಅತ್ತುಬಿಟ್ಟೆ. ಅವಳೂ ಅತ್ತಳು. ಕೊನೆಗೆ, "ಈಗ ಯೋಳಿ ಮಿಸ್, ಯಾರ್ಗ್ ಬೇಕಾದ್ರೂ ಯೋಳಿ" ಎಂದು ಅಪ್ಪಣೆ ಕೊಟ್ಟಳು.

ಮೂರು ತಿಂಗಳು ಅದುಮಿಟ್ಟಿದ್ದ ಬಾಯಿ. ತಕ್ಷಣ ಪ್ರಭಾವತಿಗೆ ಫೋನು ಹಚ್ಚಿದೆ. "ಅದಾ? ಆಗ್ಲೇ ಗೊತ್ತಾಯ್ತು ಕಣೇ" ಎಂದಳು ಅವಳು, "ಆ ನಿಂಗಮ್ಮ ಬೆಳಿಗ್ಗೆ ಬಸ್ಸಿನ ತುಂಬ ಹೇಳ್ಕೊಂಡು ಬಂದ್ರಂತಲ್ಲ, 'ನಮ್ ಸೊಸೆ ಎಸ್ಸೆಲ್ಸೀನ ಎರಡ್ನೇ ಸಲ ಪಾಸ್ ಮಾಡವ್ಳೆ ಕಣ್ರಮ್ಮ' ಅಂತ." ಹೆಡ್ ಮಾಸ್ಟರಿಗೆ ಮಾಡಿದೆ, ಅವರಿಗೂ ಗೊತ್ತು. ತರಕಾರಿಯವಳಿಗೆ ಹೇಳಲು ಹೋದರೆ ಅವಳೇ ನನಗೆ ಹೇಳತೊಡಗಿದಳು. ಇಡೀ ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ ಈ ಸುದ್ದಿ ಗೊತ್ತಿಲ್ಲದವರು ಒಬ್ಬರೂ ನನಗೆ ಸಿಗಲಿಲ್ಲ. ಅದಕ್ಕೇ ನಿಮ್ಮನ್ನು ಹಿಡಿದು ಕೂರಿಸಿಕೊಂಡದ್ದು.