ನಮ್ಮ ಬಡಾವಣೆಗೆ ನಳ ಬಂದ ಕಥೆ

ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಕೊಂಡವರಿಗೆ ನಗೆಗೆ ಬರ ಇರುವುದಿಲ್ಲ, ನೀರಿಗೆ ಇರುತ್ತದೆ. ವಾರಕ್ಕೊಂದು ಪ್ರಸಂಗ ತಾನಾಗಿ ಬಾಗಿಲಿಗೆ ಬಂದು ನಿಲ್ಲುತ್ತದೆ. ಕರೆದರೂ ಬಾರದ್ದು ನೀರಿನ ನಳ ಒಂದೇ.

ಊರಿನ ಹೆಸರು ಹೇಳುವುದಿಲ್ಲ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಈ ಐದರಲ್ಲಿ ಯಾವ ಕಡೆಯವರು ಓದಿದರೂ "ಇದು ನಮ್ದ ಐತಿ" ಅನ್ನುತ್ತಾರೆ. ಅನ್ನಲಿ. ಕಬ್ಬಿನ ಹೊಲ ಒಡೆದು ಪ್ಲಾಟು ಮಾಡಿದ ಜಾಗ ನಮ್ಮದು. ನಾನು ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿ, ಎಲ್ಲರ ಬಾಯಲ್ಲಿ ಅಕ್ಕೋರು. ಅಕ್ಷರ ದುಂಡಗಿವೆ ಎಂಬ ಒಂದೇ ತಪ್ಪಿಗೆ ನನ್ನನ್ನು ನಿವಾಸಿಗಳ ಸಂಘದ ಕಾರ್ಯದರ್ಶಿ ಮಾಡಿದರು. ಅಧ್ಯಕ್ಷರು ಎದುರುಮನೆಯ ನಿವೃತ್ತ ಸೈನಿಕರು, ನಾವು ಫೌಜಿ ಕಾಕಾ ಅನ್ನುತ್ತೇವೆ. ಉಪಾಧ್ಯಕ್ಷೆ ಪಕ್ಕದ ಮನೆಯ ಭಾಬಿ. ಅವರ ಗಂಡನದು ವೆಲ್ಡಿಂಗ್ ಅಂಗಡಿ, ಅವರದು ಮನೆಯಲ್ಲೇ ಹೊಲಿಗೆ. ಮಾತಿನಲ್ಲಿ ಮಾತ್ರ ಗಂಡನಿಗಿಂತ ಗಟ್ಟಿಯಾಗಿ ಬೆಸುಗೆ ಹಾಕುತ್ತಾರೆ.

ಪಕ್ಕದ ಹೊಲದ ರೈತ ಪುಣ್ಯಾತ್ಮ, ಮೋಟರ್ ಚಾಲೂ ಇದ್ದಾಗ ನೀರು ತುಂಬಿಕೊಳ್ಳಿ ಅಂದಿದ್ದ. ಮೋಟರಿಗೆ ತ್ರೀ ಫೇಸ್ ಕರೆಂಟ್ ಬೇಕು, ಅದು ಇವತ್ತು ಐದಕ್ಕೆ ಬಂದರೆ ನಾಳೆ ಹನ್ನೊಂದಕ್ಕೆ. ಐದಕ್ಕೆ ಬಂದರೆ ನನಗೆ ನೀರು, ಹನ್ನೊಂದಕ್ಕೆ ಬಂದರೆ ನಾನು ಮಕ್ಕಳಿಗೆ ಮಗ್ಗಿ ಹೇಳಿಸುತ್ತಿರುತ್ತೇನೆ. ಎರಡು ವರ್ಷ ಕೊಡ ಹೊತ್ತು ಸೊಂಟದ ಒಂದು ಮಗ್ಗಲು ಸೋತು ಹೋಯಿತು. ನನಗೆ ಬೇಕಿದ್ದದ್ದು ಅಂಗಳದಲ್ಲಿ ಒಂದು ನಳ, ಅಷ್ಟೇ. ಮೊದಲು ಕೇಳಿದೆವು, ಆಮೇಲೆ ಬೇಡಿದೆವು. ಎರಡೂ ಮುಗಿದ ಮೇಲೆ ಹಟ ಹಿಡಿದೆವು.

ಗೋಡೆಯ ಮೇಲಿನ ಟ್ಯಾಂಕು

ಪ್ಲಾಟು ಮಾರಿದವರ ಆಫೀಸು ಪೇಟೆಯಲ್ಲಿದೆ. ಗೋಡೆಯ ಮೇಲೆ ನಮ್ಮ ಬಡಾವಣೆಯ ದೊಡ್ಡ ನಕ್ಷೆ. ಅದರಲ್ಲಿ ಹಸಿರು ಬಣ್ಣದ ಉದ್ಯಾನ, ಉದ್ಯಾನದ ಮಗ್ಗುಲಿಗೆ ನೀಲಿ ಬಣ್ಣದ ನೀರಿನ ಟ್ಯಾಂಕು. ಟ್ಯಾಂಕಿನ ಮೇಲೆ ಒಂದು ಪಾರಿವಾಳ ಕೂಡ ಕೂತಿತ್ತು.

"ಟ್ಯಾಂಕ್ ಎಲ್ಲೈತ್ರಿ?" ಎಂದು ಕೇಳಲು ಹೋದೆವು.

ಮಾಲೀಕರು ಬೆರಳು ತೋರಿಸಿದರು. "ನೋಡ್ರಿ, ಇಲ್ಲೇ ಐತಲ್ರಿ!"

ಅವತ್ತು ವಾಪಸ್ ಬಂದೆವು. ಮರುದಿನ ಭಾಬಿ ಖಾಲಿ ಕೊಡ ತೆಗೆದುಕೊಂಡು ಹೋಗಿ, ಸೀದಾ ನಕ್ಷೆಯ ಕೆಳಗೆ, ಆ ನೀಲಿ ಟ್ಯಾಂಕಿಗೆ ಸರಿಯಾಗಿ ಇಟ್ಟು, ಕುರ್ಚಿಯಲ್ಲಿ ಕೂತರು. "ತುಂಬ್ಲಿ ಶೇಠ್‌ಜಿ, ಜಲ್ದಿ ಏನಿಲ್ಲ" ಅಂದರಂತೆ. ಪ್ಲಾಟು ಕೇಳಲು ಬಂದಿದ್ದ ಹೊಸ ಗಿರಾಕಿಗಳು "ಕೊಡ ಯಾಕ್ರಿ ಇಲ್ಲಿ?" ಅಂದಾಗ ಭಾಬಿ ನಕ್ಷೆ ತೋರಿಸಿ ಎಲ್ಲ ವಿವರಿಸಿದರು. ಮಾಲೀಕರು ಗಡಬಡಿಸಿ ಎರಡು ಕ್ಯಾನ್ ಫಿಲ್ಟರ್ ನೀರು ತರಿಸಿ ಕೊಟ್ಟು ಕಳಿಸಿದರು.

ನಾವು ಪಾಳಿ ಹಾಕಿಕೊಂಡೆವು. ದಿನಾ ಒಬ್ಬ ಹೆಣ್ಣುಮಗಳು, ಒಂದು ಕೊಡ, ಅದೇ ಜಾಗ. ಒಂಬತ್ತನೆಯ ದಿನ ನನ್ನ ಪಾಳಿ. ಹೋಗಿ ನೋಡಿದರೆ ಟ್ಯಾಂಕಿನ ಮೇಲೆ ಬಿಳಿ ಬಣ್ಣ ಬಳಿದಿದ್ದರು. ಪಾರಿವಾಳ ಮಾತ್ರ ಗಾಳಿಯಲ್ಲಿ ಕೂತಿತ್ತು. ಎರಡು ವರ್ಷದಲ್ಲಿ ನಮ್ಮ ಬಡಾವಣೆಯಲ್ಲಿ ಪೂರ್ತಿಯಾದ ಮೊದಲನೇ ಕಾಮಗಾರಿ ಅದು.

ಯಾವ ಕೋಣೆಯ ಕಸ?

ಇನ್ನು ನಮ್ಮನ್ನು ಪುರಸಭೆಯೇ ಕಾಯಬೇಕು ಎಂದು ಅತ್ತ ತಿರುಗಿದೆವು. ಅಲ್ಲಿ ಹೊಸ ವಿಷಯ ತಿಳಿಯಿತು. ಪುರಸಭೆ ಹದ್ದಿಯ ಗುರುತಿನ ಕಲ್ಲು ನಮ್ಮ ಬಡಾವಣೆಯ ನಟ್ಟನಡುವೆ ಇದೆ. ಕಲ್ಲಿನ ಈ ಕಡೆ ಪುರಸಭೆ, ಆ ಕಡೆ ಗ್ರಾಮ ಪಂಚಾಯಿತಿ. ಆ ಗೆರೆ ಎಳೆದವರು ಯಾರೋ ಗೊತ್ತಿಲ್ಲ, ಫೌಜಿ ಕಾಕಾನ ಮನೆಯ ಒಳಗಿಂದ ಎಳೆದಿದ್ದರು. ಕಾಕಾನ ಪಡಸಾಲೆ ಪುರಸಭೆಯಲ್ಲಿ, ಅಡಿಗೆಮನೆ ಪಂಚಾಯಿತಿಯಲ್ಲಿ.

ನೀರಿಗಿಂತ ಮೊದಲು ಕಸದ ಗಾಡಿಯನ್ನಾದರೂ ಒಳಗೆ ತರೋಣ ಎಂದು ಗುದ್ದಾಡಿದೆವು. ಗಾಡಿ ಬಂತು, ಹಾಡು ಹಾಕಿಕೊಂಡು ಕಲ್ಲಿನ ತನಕ ಬಂದು ನಿಂತಿತು. ಕಾಕಾ ಬುಟ್ಟಿ ಹಿಡಿದು ಹೋದರು. ಡ್ರೈವರ್ ಬುಟ್ಟಿಯೊಳಗೆ ಬಗ್ಗಿ ನೋಡಿದ. ಮೆಂತೆಕಡ್ಡಿ, ಉಳ್ಳಾಗಡ್ಡಿ ಸಿಪ್ಪೆ.

"ಕಾಕಾ, ಇದು ಅಡಗಿಮನಿ ಕಸಾ ಅಲ್ರಿ?"

"ಹೌದಪಾ, ಮತ್ತೆಲ್ಲಿದು?"

"ಅಡಗಿಮನಿ ಪಂಚಾಯಿತಿದಾಗ ಹೋಗತೈತ್ರಿ. ನಮಗ ತಗೊಳ್ಳಾಕ ಬರಂಗಿಲ್ಲ. ಪಡಸಾಲಿ ಕಸಾ ಇದ್ರ ಕೊಡ್ರಿ."

ಕಾಕಾ ಗಡಿಯಲ್ಲಿ ಬಂದೂಕು ಹಿಡಿದು ನಿಂತು ಬಂದವರು. ಗಡಿ ಅಂದರೆ ಏನೆಂದು ಅವರಿಗೆ ಹೇಳಿಕೊಡಬೇಕಾಗಿಲ್ಲ. ಬುಟ್ಟಿ ವಾಪಸ್ ತಂದರು. ಮರುದಿನ ಬೆಳಿಗ್ಗೆ ಬಾಗಿಲು ಪೂರಾ ತೆರೆದು, ಪಡಸಾಲೆಯಲ್ಲಿ ಚಾಪೆ ಹಾಸಿ, ಮುಂದೆ ಈಳಿಗೆಮಣೆ ಇಟ್ಟುಕೊಂಡು ಬದನೆಕಾಯಿ ಹೆಚ್ಚಲು ಕೂತರು. ಗಾಡಿ ಬಂತು. "ನೋಡಪಾ, ಪಡಸಾಲ್ಯಾಗ ಹುಟ್ಟಿದ ಕಸಾ" ಎಂದು ಡ್ರೈವರನ ಕಣ್ಣೆದುರೇ ಹೆಚ್ಚಿ, ಸಿಪ್ಪೆ ಕೈಗೆ ಕೊಟ್ಟರು. ಅವನು ಗಾಡಿಗೆ ಹಾಕಿಕೊಂಡ.

ಅಂದಿನಿಂದ ಆ ಮನೆಯಲ್ಲಿ ದಿನಾ ಕಾಯಿಪಲ್ಲೆ ಹೆಚ್ಚುವವರು ಕಾಕಾ. ಅವರ ಹೆಂಡತಿ ಎಲ್ಲರೆದುರು ಹೇಳುತ್ತಾರೆ: "ಮೂವತ್ತು ವರ್ಷ ನಾ ಬಡಕೊಂಡ್ನಿ, ಈಳಗಿ ಮುಟ್ಲಿಲ್ಲ. ಪುರಸಭೆದವರು ಒಂದ ದಿವಸದಾಗ ಕಲಿಸಿದ್ರ ನೋಡ್ರಿ!"

ನಾವು ಇಲ್ಲವೇ ಇಲ್ಲ

ನಳಕ್ಕೆ ನಾನು ಬರೆದ ಅರ್ಜಿ ಹನ್ನೊಂದೋ ಹನ್ನೆರಡೋ. ಒಂದಕ್ಕೆ ಕೊನೆಗೂ ಉತ್ತರ ಬಂತು. "ಸ್ಥಳ ಪರಿಶೀಲಿಸಲಾಗಿ, ಸದರಿ ಸ್ಥಳದಲ್ಲಿ ಜನವಸತಿ ಕಂಡುಬಂದಿರುವುದಿಲ್ಲ" ಎಂದಿತ್ತು. ಯಾರೋ ಮಧ್ಯಾಹ್ನ ಹನ್ನೆರಡಕ್ಕೆ ಬಂದಿದ್ದಾರೆ. ಆ ಹೊತ್ತಿಗೆ ನಾನು ಶಾಲೆಯಲ್ಲಿ, ಕೂಲಿಯವರು ಕಬ್ಬಿನಲ್ಲಿ, ಉಳಿದವರು ಕೊಡ ಹಿಡಿದು ರೈತನ ಮೋಟರಿನ ಹತ್ತಿರ. ನೀರು ತರಲು ಹೋದದ್ದಕ್ಕೆ ಮನೆಗಳಿಗೆ ಕೀಲಿ, ಕೀಲಿ ಇದ್ದದ್ದಕ್ಕೆ ಜನ ಇಲ್ಲ, ಜನ ಇಲ್ಲದ್ದಕ್ಕೆ ನೀರಿಲ್ಲ.

ಪತ್ರ ಹಿಡಿದು ಪುರಸಭೆ ಆಫೀಸಿಗೆ ಹೋದೆ. "ನಾ ಯಾರ್ರಿ ಹಂಗಾರ? ಭೂತೇನ್ರಿ?" ಎಂದು ಕೇಳಿದೆ.

ಕ್ಲಾರ್ಕು ಬಹಳ ಮರ್ಯಾದಸ್ಥ. ಎದ್ದು ನಿಂತೇ ಹೇಳಿದ: "ಕೂಡ್ರಿ ಅಕ್ಕೋರ. ನೀವು ಅದೀರಿ, ಕಾಣಾಕತ್ತೀರಿ. ಆದ್ರ ರಿಪೋರ್ಟ್ ಪ್ರಕಾರ ಇಲ್ರಿ."

ಮತದಾರರ ಪಟ್ಟಿಗೆ ನಮ್ಮ ಬಡಾವಣೆಯ ಹೆಸರುಗಳನ್ನು ಮನೆಮನೆ ತಿರುಗಿ ಬರೆದವಳೇ ನಾನು, ಅದು ನನ್ನ ಸರ್ಕಾರಿ ಡ್ಯೂಟಿ. "ವೋಟಿಗೆ ಅದೀವಿ, ನೀರಿಗೆ ಇಲ್ಲೇನ್ರಿ?" ಎಂದು ಪಟ್ಟಿಯನ್ನು ಟೇಬಲ್ಲಿನ ಮೇಲೆ ಕುಕ್ಕಿದೆ. ಮತ್ತೊಮ್ಮೆ ಪರಿಶೀಲನೆಗೆ ಬರುವುದಾಗಿ ಒಪ್ಪಿದರು. ಈ ಸಲ ದಿನ ಕೇಳಿಕೊಂಡು ಬಂದೆ.

ಅವತ್ತು ನಾನು ರಜೆ ಹಾಕಿದೆ. ಯಾರೂ ಮನೆ ಬಿಡಲಿಲ್ಲ. ಸಾಲದ್ದಕ್ಕೆ ಕಾಕಾ ತಮ್ಮ ಚಿಂಚಲಿ ಬೀಗರನ್ನು ಕರೆಸಿದರು, ಭಾಬಿ ಮಿರಜದ ತವರುಮನೆಯವರನ್ನು ಟೆಂಪೋ ಮಾಡಿ ಇಳಿಸಿದರು. ಪ್ರತಿ ಮನೆಯ ಮುಂದೆ ಹಿಂಡು ಹಿಂಡು ಮಂದಿ, ಎಲ್ಲರ ಕೈಯಲ್ಲೂ ಕೊಡ. ಪರಿಶೀಲನೆಗೆ ಬಂದವನು ಬೈಕಿನಿಂದ ಇಳಿಯಲೂ ಜಾಗವಿಲ್ಲದೆ ನಿಂತಲ್ಲೇ ಬರೆದುಕೊಂಡು ಹೋದ. ನಾವು ಗೆದ್ದೆವು ಎಂದು ಚಹಾ ಕುಡಿದೆವು.

ವಾರದಲ್ಲೇ ಉತ್ತರ ಬಂತು: "ಜನಸಂಖ್ಯೆ ವಿಪರೀತ ಇರುವುದರಿಂದ ಸದ್ಯದ ಕೊಳವೆಯಿಂದ ನೀರು ಪೂರೈಸಲು ಸಾಧ್ಯವಿರುವುದಿಲ್ಲ."

ದಿನಕ್ಕೊಂದು ಗುದ್ದಲಿ ಪೂಜೆ

ಹಾಗೆಂದು ನಮ್ಮನ್ನು ಯಾರೂ ಪೂರಾ ಕೈಬಿಟ್ಟಿದ್ದರು ಅನ್ನುವಂತಿಲ್ಲ. ನಮ್ಮ ಪೈಪಿನ ಕೆಲಸಕ್ಕೆ ಮೂರು ಸಲ ಗುದ್ದಲಿ ಪೂಜೆ ಆಗಿತ್ತು. ಪ್ರತಿ ಸಲ ಒಬ್ಬ ಮುಖಂಡರು ಬರುವುದು, ನಾವು ತಲೆಗೆ ಫೇಟಾ ಸುತ್ತಿ ಶಾಲು ಹೊದಿಸುವುದು, ಅವರು ಕಾಯಿ ಒಡೆದು ನೆಲಕ್ಕೆ ಒಂದು ಏಟು ಹಾಕಿ, ಫೋಟೋ ತೆಗೆಸಿಕೊಂಡು ಹೋಗುವುದು. ಊರಿನ ದೊಡ್ಡ ಪೈಪು ನಮ್ಮ ಬಡಾವಣೆಯ ಬಾಯಿಂದ ಇನ್ನೂರು ಫೂಟು ದೂರದಲ್ಲಿದೆ. ಮೂರು ಪೂಜೆಯಲ್ಲಿ ಅಗೆದದ್ದು ಒಟ್ಟು ಒಂದು ಗೇಣು.

ಮೂರನೆಯವರು ಹೋದ ಮೇಲೆ ಕಾಕಾ ಆ ಗೇಣುದ್ದದ ಗುಂಡಿ ನೋಡುತ್ತಾ ನಿಂತರು. "ಅಕ್ಕೋರ, ಪೂಜಾದಾಗ ಅಗಿಯೋದೇನೋ ಅಗಿತಾರ. ಪೂಜಾ ಕಡಿಮಿ ಬಿದ್ದಾವ ಅಷ್ಟ."

ಮರುದಿನದಿಂದ ಶುರು. ಯಾರ ಮನೆಗೆ ಯಾರೇ ಬರಲಿ, ಅವರ ಕೈಯಿಂದ ಗುದ್ದಲಿ ಪೂಜೆ. ಕಾಕಾ ನಿವೃತ್ತರಾದಾಗ ಊರವರು ಸುತ್ತಿದ್ದ ಗುಲಾಬಿ ಫೇಟಾ ಇತ್ತು, ಅದನ್ನೇ ತೆಗೆದರು. ನಮ್ಮ ಸೀಮೆಯಲ್ಲಿ ಫೇಟಾ ಸುತ್ತಿಸಿಕೊಂಡ ಮನುಷ್ಯ ಇಲ್ಲ ಅಂದದ್ದನ್ನು ನಾನು ನೋಡಿಲ್ಲ. ಹಾಗೆ ಬಂದ ಪಾವಣೇರು ನಾಚುತ್ತಾ ಒಂದು ಏಟು ಹಾಕಿ ಗುದ್ದಲಿ ಇಡಲು ಹೋದರೆ ಕಾಕಾ ತಡೆಯುತ್ತಿದ್ದರು. "ಒಂದ ಏಟಿಗೆ ದೇವ್ರು ಹೆಂಗ ಒಪ್ತಾನ್ರಿ? ಕಡಿಮಿ ಅಂದ್ರ ಮೂರು ಫೂಟ್ ಆಗ್ಬೇಕ್ರಿ." ಭಾಬಿ ಫೋನು ಹಿಡಿದು "ಭಾಯಿ, ಇನ್ನ ಸ್ವಲ್ಪ ಬಗ್ಗ್ರಿ, ಫೋಟೋ ಛಂದ ಬರಾಕತ್ತೈತಿ" ಎಂದು ಹುರಿದುಂಬಿಸುತ್ತಿದ್ದರು.

ಭಾಬಿಯ ಮಿರಜದ ಅಣ್ಣ ಐದು ಫೂಟು. ಮುಗಳಖೋಡದಿಂದ ಬಂದ ನನ್ನ ಮೈದುನ ನಾಲ್ಕು. ಕಾಕಾನ ಅಳಿಯ, ಮಾವ ಎದುರು ನಿಂತಿದ್ದಕ್ಕೆ, ಹನ್ನೆರಡು ಫೂಟು ಅಗೆದು ಸಂಜೆ ಸೊಂಟ ಹಿಡಿದುಕೊಂಡು ಮಲಗಿದ. ಕೊನೆಯ ಓಣಿಗೆ ಕನ್ಯೆ ನೋಡಲು ಬಂದ ಹುಡುಗನನ್ನೂ ಬಿಡಲಿಲ್ಲ. ಕನ್ಯೆ ಕಿಟಕಿಯಲ್ಲಿ ನಿಂತು ನೋಡುತ್ತಿದ್ದಳು. ಅವನು ಎರಡು ಫೂಟಿಗೇ ಏದುಸಿರು ಬಿಟ್ಟ, ಸಂಬಂಧ ಮುಂದುವರಿಯಲಿಲ್ಲ. ಅದರ ಮುಂದಿನ ವಾರ ಬಂದವನು ಒಂಬತ್ತು ಫೂಟು ಅಗೆದ, ಅವತ್ತೇ ಸಂಬಂಧ ಕುದುರಿ ಸಕ್ಕರೆ ಹಂಚಿದರು. ಎರಿ ಮಣ್ಣು, ಮೆತ್ತಗಿತ್ತು. ಎರಡು ತಿಂಗಳಿಗೆ ನೂರಾತೊಂಬತ್ತೈದು ಫೂಟು ಆಯಿತು.

ಆಗ ಸುದ್ದಿ ಮುಟ್ಟಿ ಪುರಸಭೆಯ ಇಂಜಿನಿಯರ್ ಸಾಹೇಬರು ಧಾವಿಸಿ ಬಂದರು. ಜೀಪಿನಿಂದ ಇಳಿಯುತ್ತಲೇ ಗುಡುಗಿದರು: "ಯಾರನ್ನ ಕೇಳಿ ಅಗದೀರಿ ಇದನ್ನ?"

ನಾನೋ ಸರ್ಕಾರಿ ನೌಕರಿಯವಳು, ಒಂದು ಕಾಗದ ಬರೆದರೆ ನನ್ನ ಗತಿ ಮುಗಿಯಿತು. ಆದರೆ ಎರಡು ವರ್ಷದ ಕೊಡಗಳು ನೆನಪಾದವು. "ಅಗದಿಲ್ರಿ ಸಾಹೇಬ್ರ, ಪೂಜಾ ಮಾಡೀವ್ರಿ. ಮೂರು ಮಂದಿ ದೊಡ್ಡವ್ರು ಬಂದು ಮಾಡಿ ಹೋದಾಗ ಯಾರೂ ಕೇಳಲಿಲ್ರಿ. ನಾವು ಮಾಡಿದ್ರ ತಪ್ಪೇನ್ರಿ?"

ಅಷ್ಟರಲ್ಲಿ ಭಾಬಿ ಹಿಂದಿನಿಂದ ಸಾಹೇಬರ ತಲೆಗೆ ಫೇಟಾ ಸುತ್ತೇ ಬಿಟ್ಟರು. ಕಾಕಾ ಶಾಲು ಹೊದಿಸಿ ಸೆಲ್ಯೂಟ್ ಹೊಡೆದರು. ಬಡಾವಣೆಯ ಹೆಂಗಸರೆಲ್ಲ ಫೋನು ಎತ್ತಿ ನಿಂತರು. ಸಾಹೇಬರ ಮುಖ ಮೆಲ್ಲಗೆ ಸಡಿಲಾಯಿತು, ಕೈ ತಾನಾಗಿ ಗುದ್ದಲಿ ಹಿಡಿಯಿತು.

"ಸಾಹೇಬ್ರ, ಸಾವಕಾಶ. ಪೈಪ್ ಇಲ್ಲೇ ಎಲ್ಲೋ ಐತಿ" ಅಂದರು ಕಾಕಾ.

"ಪೈಪ್ ಎಲ್ಲೈತಿ ಅಂತ ನನಗ ಹೇಳ್ತೀರೇನು? ಹಾಕಿಸಿದವನ ನಾನು. ಇಲ್ಲಿಂದ ನಾಕು ಫೂಟ್ ಆ ಕಡೆ" ಎನ್ನುತ್ತಾ ಸಾಹೇಬರು ಗುದ್ದಲಿ ಎತ್ತಿ ಜೋರಾಗಿ ಬಿಟ್ಟರು.

ನೀರು ಅವರ ಫೇಟಾದ ಮೇಲಿಂದ ಹಾರಿತು.

ಯಾರು ಹೇಳಿದರೋ ಗೊತ್ತಿಲ್ಲ, ಕ್ಷಣದಲ್ಲಿ ಕೊಡಗಳು ಸಾಲಾಗಿ ಬಂದವು. ಅತ್ತ ಅರ್ಧ ಊರಿಗೆ ನೀರು ನಿಂತು ಸಾಹೇಬರ ಫೋನು ಒಂದೇ ಸಮನೆ ಹೊಡೆದುಕೊಳ್ಳತೊಡಗಿತು. ಪೈಪು ಒಡೆದವರು ಯಾರೆಂದು ಮೇಲಿನವರು ಕೇಳುತ್ತಿದ್ದರು. ತೊಯ್ದು ತೊಪ್ಪೆಯಾದ ಸಾಹೇಬರು ಗುದ್ದಲಿ ಹಿಡಿದು ನಮ್ಮ ಫೋನುಗಳ ಕಡೆ ನೋಡಿದರು. ಕಾಕಾ ಹತ್ತಿರ ಹೋಗಿ ಮೆತ್ತಗೆ ಹೇಳಿದರು: "ಒಡದಿಲ್ಲ, ಬಡಾವಣಿಗೆ ಕನೆಕ್ಷನ್ ಕೊಡಾಕತ್ತೀನಿ ಅನ್ರಿ."

ಸಾಹೇಬರು ಫೋನಿನಲ್ಲಿ ಅದನ್ನೇ ಅಂದರು. ಆಮೇಲೆ ನನ್ನ ಕಡೆ ತಿರುಗಿದರು. "ಅಕ್ಕೋರ, ಒಂದು ಅರ್ಜಿ ಬರದು ಕೊಡ್ರಿ."

"ಹನ್ನೆರಡು ಕೊಟ್ಟೀನ್ರಿ. ಎರಡು ವರ್ಷ ಆತು."

"ಹಳೇವು ಬ್ಯಾಡ್ರಿ. ಇವತ್ತಿನ ತಾರೀಖ ಹಾಕಿ ಬರೀರಿ. ಹತ್ತಕ್ಕ ನೀವು ಕೊಟ್ಟೀರಿ, ಹನ್ನೊಂದಕ್ಕ ಮಂಜೂರ್ ಆಗೇತಿ, ಹನ್ನೆರಡಕ್ಕ ನಾನ ಖುದ್ದು ಬಂದು ಕೆಲಸಾ ಸುರು ಮಾಡೀನಿ."

ಮೂರು ಗಂಟೆಗೆ ಕೂಲಿಗಳು, ಜಾಯಿಂಟು, ಪೈಪು ಎಲ್ಲ ಬಂದವು. ನಾಲ್ಕನೆಯ ದಿನ ನನ್ನ ಅಂಗಳದ ನಳ ಮೊದಲು ಗಾಳಿ ಕೆಮ್ಮಿ, ಆಮೇಲೆ ನೀರು ಬಿಟ್ಟಿತು. ನಾನು ಕೊಡ ಇಡುವುದನ್ನೇ ಮರೆತು, ಕೈ ಒಡ್ಡಿಕೊಂಡು ಅಳುತ್ತಾ ನಿಂತೆ.

ಹದಿನೈದು ದಿನ ಬಿಟ್ಟು ಆ ಮರ್ಯಾದಸ್ಥ ಕ್ಲಾರ್ಕು ಮನೆಗೆ ಬಂದ. ಅರ್ಜಿಯನ್ನು ಒಂದೇ ದಿನದಲ್ಲಿ ವಿಲೇವಾರಿ ಮಾಡಿದ್ದಕ್ಕೆ ಸಾಹೇಬರಿಗೆ ಆಫೀಸಿನಲ್ಲಿ ಸತ್ಕಾರವಂತೆ. "ಒಂದು ಫೇಟಾ ಬೇಕಾಗಿತ್ರಿ ಅಕ್ಕೋರ, ನಿಮ್ಮಲ್ಲಿ ಐತಂತಲ್ರಿ" ಅಂದ.

"ಫೇಟಾ ಕೊಡಾಕ ಬರಂಗಿಲ್ಲಪಾ" ಅಂದೆ. "ನಾಳಿಂದ ಗಟಾರದ ಗುದ್ದಲಿ ಪೂಜಾ ಸುರು ಐತಿ. ಸಾಹೇಬ್ರಿಗೆ ಇಲ್ಲೇ ಬರಾಕ ಹೇಳು, ಸುತ್ತಿ ಕಳಸ್ತೀವಿ."